ಅಣವೀರಪ್ಪನ ಫಜ್ ಡಬ್ಬಿ

ಗಾಜಿನಾಚೆ ಬಾಯಿ ಆಡುತ್ತಿದೆ, ರೆಕಾರ್ಡಿಸ್ಟನ ಬಾಯಿ, ಮೇಲಿನ ತುಟಿ ಮೀಸೆಯೊಳಗೆ ಮುಳುಗಿದೆ, ಕೆಳಗಿನದು ಒಮ್ಮೆ ಹಲ್ಲಿಗೆ ತಾಗಿ ಹಿಂದೆ ಸರಿಯಿತು, ಫಿರ್ ಸೇ ಅಂದಿರಬೇಕು, ಇನ್ನೊಮ್ಮೆ ಬಾರಿಸಬೇಕೇನೋ ಎಂದು ರಮಾನಾಥ ಗಿಟಾರನ್ನು ತೊಡೆಯ ಮೇಲೆ ಸರಿಮಾಡಿಕೊಂಡ, ಅಷ್ಟರಲ್ಲಿ ಗೋಡೆಯ ಸ್ಪೀಕರ್ ಕರಕರ ಅಂದು ಮಾತಾಡಿತು — ರಮಾನಾಥ್‌ಜೀ, ಗಿಟಾರ್ ಮೇ ಕುಛ್ ಚುಭ್ ರಹಾ ಹೈ. ಚುಚ್ಚುತ್ತಿದೆಯಂತೆ, ಎಲ್ಲಿ, ಯಾರಿಗೆ, ಅವನು ವೈರು ನೋಡಿದ, ಆಂಪ್ಲಿಫಯರಿನ ತಿರುಪು ನೋಡಿದ, ಎಡಗಾಲ ಬಳಿ ನೆಲದಲ್ಲಿ ಕೂತಿದ್ದ ಕಬ್ಬಿಣದ ಡಬ್ಬಿಯನ್ನು ಮಾತ್ರ ನೋಡಲಿಲ್ಲ, ಅದರಲ್ಲಿ ತಪ್ಪಿರಲು ಸಾಧ್ಯವೇ ಇಲ್ಲ, ಅದು ಅಣವೀರಪ್ಪ ಮಾಡಿದ್ದು. ಮ್ಯೂಸಿಕ್ ಡೈರೆಕ್ಟರ್ ಸಾಹೇಬರು ಹಾರ್ಮೋನಿಯಂ ಬಿಟ್ಟು ಎದ್ದರು, ಸಿಟ್ಟಿಲ್ಲ, ಸಿಟ್ಟಿದ್ದರೆ ಒಳ್ಳೆಯದಿತ್ತು, ಹತ್ತು ನಿಮಿಷ ಚಹಾ ಅಂದರು ಎಲ್ಲರಿಗೂ, ಆಮೇಲೆ ಅವನ ಕುರ್ಚಿಯ ಹತ್ತಿರ ಬಂದು ಮೆಲ್ಲಗೆ, ಹಾಡಿನ ಎರಡನೇ ಅಂತರಾಕ್ಕೆ ಮುಂಚೆ ತಾಳದ ಎಂಟು ಬಾರ್ ನೀವೊಬ್ಬರೇ ಬಾರಿಸೋದು, ವಯಲಿನ್‌ನವರೆಲ್ಲ ಬಿಲ್ಲು ಇಳಿಸಿ ಕೂತಿರ್ತಾರೆ, ಆ ಎಂಟು ಬಾರ್ ನನಗೆ ಬೇಕು, ಚಹಾ ಆಗೋದರೊಳಗೆ ಸರಿಯಾಗದಿದ್ದರೆ ಬಾಂದ್ರಾದ ಗಿಟಾರಿನವನಿಗೆ ಫೋನ್ ಹಾಕ್ತೀನಿ, ತಪ್ಪು ತಿಳೀಬೇಡಿ. ತಪ್ಪು ತಿಳಿಯಲು ಏನಿದೆ, ಹದಿನಾಲ್ಕು ವರ್ಷದಿಂದ ಈ ಕುರ್ಚಿ, ಈ ಊರಿನ ಆರ್ಕೆಸ್ಟ್ರಾಗಳಲ್ಲಿ ಒಂದು ದಿನ ಕುರ್ಚಿ ಬಿಟ್ಟವನಿಗೆ ಮರುದಿನ ನಿಲ್ಲಲೂ ಜಾಗವಿರುವುದಿಲ್ಲ, ಇದು ಅವನಿಗೆ ಗೊತ್ತು, ಯಾಕೆಂದರೆ ಅವನಿಗೆ ಈ ಕುರ್ಚಿ ಸಿಕ್ಕಿದ್ದೂ ಹಾಗೆಯೇ.

ಈಗ ಎಲ್ಲ ಹಾಡಿಗೂ ಫಜ್ ಬೇಕು, ಎಪ್ಪತ್ತನೇ ಇಸವಿಯಿಂದ ಈಚೆಗೆ ಶುರುವಾದ ಹುಚ್ಚು, ಡಬ್ಬಿಯನ್ನು ಕಾಲಲ್ಲಿ ಒತ್ತಿದರೆ ಟಕ್ ಅನ್ನುತ್ತದೆ, ಅಲ್ಲಿಂದ ಗಿಟಾರಿನ ನುಣುಪು ದನಿ ಒಡೆದು ಗೊಗ್ಗರಾಗುತ್ತದೆ, ಅತ್ತು ಅತ್ತು ಗಂಟಲು ಕಟ್ಟಿದವರ ಹಾಗೆ, ಹದಿನೈದು ವರ್ಷ ದನಿ ಶುದ್ಧ ಬರಲಿ ಎಂದು ಬೆರಳು ಸವೆಸಿದವನು ಕೊನೆಗೆ ಅದನ್ನು ಕೆಡಿಸುವ ಯಂತ್ರ ಹುಡುಕುತ್ತ ಹೊರಟ. ಮೊದಲು ವಾ-ವಾ ಪೆಡಲ್ ನೋಡಿದ, ಹೊಲಿಗೆ ಮೆಷಿನ್ನಿನ ಹಾಗೆ ತುಳಿಯುತ್ತಲೇ ಇರಬೇಕು, ಮಗು ಹಾಲಿಗೆ ಅಳುವ ಸದ್ದು, ಬೇಡ ಅಂದ, ಆಮೇಲೆ ಕಾಂತಪ್ಪ, ನಮ್ಮ ಉಡುಪಿ ಕಡೆಯವನು, ಹಡಗಿನಲ್ಲಿ ಅಡುಗೆ ಮಾಡುವವನು, ಟ್ರಂಕಿನಲ್ಲಿ ಬನಿಯನ್ನಿನೊಳಗೆ ಸುತ್ತಿ ಲಂಡನ್ನಿನ ಫಜ್ ತಂದುಕೊಟ್ಟ, ಒಂದು ವಾರ ಇಟ್ಟುಕೊಂಡು ನೋಡಿ ರಮಾನಾಥಣ್ಣ. ವಾರ ಬೇಕಾಗಲಿಲ್ಲ, ಬೊರಿವಲಿಯ ಮನೆಯಲ್ಲಿ ಸಿಕ್ಕಿಸಿ ಒಂದು ಗೀರು ಗೀರಿದರೆ ಗೊತ್ತಾಯಿತು, ಕಂಬಳಿ ಹೊದ್ದು ಯಾರೋ ಒಳಗಿನಿಂದ ಮಾತಾಡಿದ ಹಾಗೆ, ತಿರುಪು ಎಷ್ಟು ತಿರುಗಿಸಿದರೂ ಕಂಬಳಿ ಸರಿಯಲಿಲ್ಲ, ವಾಪಸು ಕೊಡುವಾಗ ನಗೆಯಾಡಿದ್ದ, ನಿನ್ನ ಡಬ್ಬಿಗೆ ನೆಗಡಿ ಆಗಿದೆ ಮಾರಾಯ. ಕಾಂತಪ್ಪ ನಗಲಿಲ್ಲ, ಎಂತದು, ಅಲ್ಲಿ ಎಲ್ಲರೂ ಇದನ್ನೇ ತೆಕ್ಕೊಳ್ಳುದು, ನಿಮಗೆ ಮಾತ್ರ ನೆಗಡಿ ಕೇಳುದಾ, ಅಂದು ಮತ್ತೆ ಬನಿಯನ್ನಿನೊಳಗೆ ಸುತ್ತಿಕೊಂಡ, ಅದನ್ನೇ ಬಾಂದ್ರಾದವನು ಕೊಂಡಿದ್ದು.

ಸರಿ, ನಮ್ಮದನ್ನು ನಾವೇ ಮಾಡಿಕೊಳ್ಳೋಣ ಅಂದ ಗೆಳೆಯ ಅಣವೀರಪ್ಪ, ಪರೇಲಿನ ಮಿಲ್ಲಿನಲ್ಲಿ ಇಲೆಕ್ಟ್ರಿಷನ್, ಇಪ್ಪತ್ತೆರಡು ವರ್ಷದಿಂದ ನೇಯ್ಗೆಯ ಖಾತೆಯಲ್ಲಿ, ಗದಗಿನ ಕಡೆಯವನು, ಚಾಳಿನ ಅರ್ಧದಷ್ಟು ರೇಡಿಯೋಗಳಿಗೆ ಜೀವ ಕೊಟ್ಟವನು. ಲ್ಯಾಮಿಂಗ್ಟನ್ ರೋಡಿನಿಂದ ಇಪ್ಪತ್ತು ಟ್ರಾನ್ಸಿಸ್ಟರ್ ತಂದು ಬೇಳೆಯಂತೆ ಮೊರದಲ್ಲಿ ಹರಡಿದ, ಒಂದು ಭಾನುವಾರವಲ್ಲ ಮೂರು ಭಾನುವಾರ, ಒಂದೊಂದನ್ನೇ ಸಿಕ್ಕಿಸುವುದು, ರಮಾನಾಥ ತಂತಿ ಮೀಟುವುದು, ಇಬ್ಬರೂ ತಲೆ ವಾಲಿಸಿ ಕೇಳುವುದು, ಹೆಂಗೈತಿ ರಮಾನಾಥರ, ಇನ್ನಷ್ಟು ಬಾಯಿ ಬಿಡಬೇಕು ಅಣವೀರಪ್ಪನವರೇ, ಬಿಡಸೋಣಂತ, ಬಾಯಿ ಬಿಡಸೋದ ನಮ್ಮ ಕೆಲಸ. ಹನ್ನೊಂದನೆಯದು, ಹದಿನಾಲ್ಕನೆಯದು, ಬದನೆಕಾಯಿ ಹಿಚುಕಿ ಆರಿಸುವ ಹಾಗೆ ಆರಿಸಿ, ಮಿಲ್ಲಿನ ಹಳೆ ಸ್ವಿಚ್ಚಿನ ಡಬ್ಬಿಯೊಳಗೆ ಕೂರಿಸಿ, ಮೇಲೆ ಮೂರು ತಿರುಪು, ಜೋರು, ಒಡಕು, ಚೂಪು, ಆ ಚೂಪಿನ ತಿರುಪನ್ನು ತಿರುಗಿಸುತ್ತ ತಿರುಗಿಸುತ್ತ ಕೊನೆಗೆ ಒಂದು ಕಡೆ ಇಬ್ಬರೂ ಒಟ್ಟಿಗೆ ಹಾಂ ಅಂದರು — ಅಬ್ಬ ಆ ಹಾಂ, ಅವನ ಆಯುಷ್ಯದಲ್ಲಿ ಅಷ್ಟು ಸುಖದ ಹಾಂ ಇನ್ನೊಂದಿಲ್ಲ, ಕಂಬಳಿ ಕಿತ್ತೊಗೆದು ದನಿ ಎದ್ದು ಕೂತಿತ್ತು. ಅಣವೀರಪ್ಪ ಹೆಂಡತಿ ಸುಂದ್ರವ್ವನ ಕುಂಕುಮದ ಡಬ್ಬಿಗೆ ಎಣ್ಣೆಬೆರಳು ಅದ್ದಿ ಆ ಜಾಗಕ್ಕೆ ಬೊಟ್ಟು ಇಟ್ಟ, ಇಲ್ಲಿಂದ ಅಲಗಾಡಿಸಬ್ಯಾಡ್ರಿ. ಆಗ ಸುಂದ್ರವ್ವ ಒಳಗಿನಿಂದ ಸೆರಗನ್ನು ಬಾಯಿಗೆ ಒತ್ತಿಕೊಂಡೇ ಬಂದಳು, ಅದನ್ನ ಬಂದ್ ಮಾಡ್ರಿ ನಿಮ್ಮ ಕಾಲ ಬೀಳ್ತೀನಿ, ಹಲ್ಲ ಜುಮ್ ಅಂತಾವ, ಗಾಜಿನ ಮ್ಯಾಲ ಮೊಳೆ ಎಳದಂಗ ಆಗತೈತಿ. ಇಬ್ಬರೂ ನಕ್ಕರು. ಹೆಣ್ಮಕ್ಕಳಿಗೆ ಏನ ತಿಳೀತೈತಿ ಬಿಡ್ರಿ, ಅಂದ ಅಣವೀರಪ್ಪ, ರಮಾನಾಥನ ತುಟಿಯನ್ನೇ ನೋಡುತ್ತ, ಅವನು ಯಾವಾಗಲೂ ಎದುರಿನವರ ತುಟಿಯನ್ನೇ ನೋಡುವವನು, ನೇಯ್ಗೆ ಖಾತೆಯ ಜನರೆಲ್ಲ ಹಾಗೆಯೇ, ಸಾವಿರ ಮಗ್ಗ ಬಡಿಯುವಲ್ಲಿ ಕಿವಿಯಿಂದ ಮಾತು ಕೇಳುವುದುಂಟೆ, ತುಟಿ ಓದುತ್ತಾರೆ, ಕೈಸನ್ನೆ ಮಾಡುತ್ತಾರೆ, ಸಂಜೆ ಮನೆಗೆ ಬಂದ ಮೇಲೂ ಆ ರೂಢಿ ಹೋಗುವುದಿಲ್ಲ — ರೂಢಿ ಅಂದುಕೊಂಡಿದ್ದ ರಮಾನಾಥ, ಬರೀ ರೂಢಿ.

ಚಹಾದ ಗ್ಲಾಸುಗಳು ಬರುತ್ತಿವೆ, ಗ್ಲಾಸಿಗೆ ಗ್ಲಾಸು ತಾಗುತ್ತಿವೆ, ತಾಗುವುದು ಕಾಣುತ್ತಿದೆ. ಕಾಣುತ್ತಿದೆ ಅಷ್ಟೇ. ಅವನು ಗ್ಲಾಸನ್ನೇ ನೋಡಿದ, ಒಂದು ತಟ್ಟೆಯಲ್ಲಿ ಎಂಟು, ತಟ್ಟೆ ಹಿಡಿದವನು ನಡೆದರೆ ಕಿಣಿಕಿಣಿ ಅನ್ನಬೇಕಲ್ಲ, ಅನ್ನುತ್ತಿಲ್ಲ, ಯಾವಾಗಿನಿಂದ ಅನ್ನುತ್ತಿಲ್ಲ, ಮನೆಯಲ್ಲಿ ವಾರಿಜಾ ಕಳೆದ ತಿಂಗಳು ಅಂದಳಲ್ಲ, ಎಂತ, ಮೂರು ಸೀಟಿ ನೋಡಿ ಇಳಿಸಿ ಅಂತ ಹೇಳಿ ನೀರಿಗೆ ಹೋದೆ, ಒಂಬತ್ತು ಆಯ್ತು, ಕುಕ್ಕರಿನ ಎದುರೇ ಕೂತಿದ್ದೀರಿ, ಅನ್ನ ಗಂಜಿ ಆಯ್ತು, ನಿಮ್ಮ ಧ್ಯಾನ ಎಲ್ಲಿ. ಗಿಟಾರಿನಲ್ಲಿ ಅಂದಿದ್ದ, ಅವಳೂ ನಂಬಿದಳು, ಕಲಾವಿದನ ಹೆಂಡತಿ ಅಷ್ಟನ್ನು ನಂಬಲೇಬೇಕು. ಹದಿನಾಲ್ಕು ವರ್ಷ ಈ ಕುರ್ಚಿ, ಕುರ್ಚಿಯ ಹಿಂದೆ ಒಂದು ಮೊಳ ದೂರಕ್ಕೆ ಡ್ರಮ್ಮಿನವನ ಕಂಚಿನ ತಟ್ಟೆ, ಝಣ್ ಅಂದರೆ ಮೊದಲ ವರ್ಷ ಬೆನ್ನು ಬೆಚ್ಚುತ್ತಿತ್ತು, ಆಮೇಲೆ ಅಭ್ಯಾಸವಾಯಿತು ಅಂದುಕೊಂಡ, ಅಭ್ಯಾಸವೋ ಏನೋ, ಇವನಿಗೆ ಹದಿನಾಲ್ಕು ವರ್ಷ ಕಂಚು, ಅಣವೀರಪ್ಪನಿಗೆ ಇಪ್ಪತ್ತೆರಡು ವರ್ಷ ಮಗ್ಗ, ಇಬ್ಬರು ಕೂತು ಮೂರು ಭಾನುವಾರ ತಲೆ ವಾಲಿಸಿ — ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನುತ್ತಾರೆ, ಇಲ್ಲಿ ಕಿನ್ನರಿ ಮಾಡಿದವನೂ ಕೋಣ, ಬಾರಿಸಿದವನೂ ಕೋಣ. ನಗು ಬರಲಿಲ್ಲ. ಬೆಳಗ್ಗೆ ರಿಹರ್ಸಲ್‌ನಲ್ಲಿ ಡಬ್ಬಿ ಒತ್ತಿದಾಗ ಎದುರಿಗೆ ಮುಂದಿನ ಸಾಲಿನಲ್ಲಿ ವಯಲಿನ್ನಿನ ದೂಜ ಪೊರ್ಬುಗಳು, ನಮ್ಮ ಕಡೆಯ ಕ್ರೈಸ್ತ ಹಿರಿಯರನ್ನು ಹಾಗೆ ಕರೆಯುವುದು, ಬಿಲ್ಲು ಇಳಿಸಿ, ಬಲಗೈಯ ತೋರುಬೆರಳನ್ನು ಕಿವಿಗೆ ಇಟ್ಟುಕೊಂಡಿದ್ದರು, ಅದನ್ನು ಅವನು ನೋಡಿದ್ದ, ಪೊರ್ಬುಗಳು ತಮ್ಮ ತಂತಿಯ ಶ್ರುತಿ ನೋಡಿಕೊಳ್ಳುತ್ತಿದ್ದಾರೆ ಅಂದುಕೊಂಡಿದ್ದ, ವಯಲಿನ್‌ನವರು ಹಾಗೆ ಒಂದು ಕಿವಿ ಮುಚ್ಚಿ ನೋಡುವುದುಂಟು. ಶ್ರುತಿಯಲ್ಲ. ಅವನಿಗೆ ಮೊದಲ ಸ್ವರ ಹೇಳಿಕೊಟ್ಟ ಮನುಷ್ಯ, ಪರೇಲಿನ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದವನನ್ನು ಕರೆದು ನಿನ್ನ ಕಿವಿ ಒಳ್ಳೆದುಂಟು ಅಂದ ಮನುಷ್ಯ, ಸುಮ್ಮನೆ ಕಿವಿಗೆ ಬೆರಳಿಟ್ಟುಕೊಂಡರು.

ಆರು ನಿಮಿಷ ಉಳಿದಿದೆ. ಹೇಳಬಹುದು, ಎದ್ದು ಹೋಗಿ ಸಾಹೇಬರೇ ನನಗೆ ಮೇಲಿನ ಸ್ಥಾಯಿಯ ಸದ್ದು ಕೇಳುವುದಿಲ್ಲ ಎನ್ನಬಹುದು, ಅಷ್ಟು ಅಂದರೆ ಇವತ್ತೊಂದೇ ಅಲ್ಲ, ನಾಳೆಯೂ ಇಲ್ಲ, ದಾದರಿನಿಂದ ಅಂಧೇರಿಯವರೆಗೆ ಸಂಜೆಯೊಳಗೆ ಸುದ್ದಿ ಹರಡುತ್ತದೆ, ಕುರುಡ ಚಿತ್ರ ಬರೆದ ಸುದ್ದಿಯ ಹಾಗೆ. ಹೇಳದೆಯೂ ಇರಬಹುದು, ಕುಂಕುಮದ ಬೊಟ್ಟಿನಲ್ಲೇ ಇಟ್ಟು ಬಾರಿಸಬಹುದು, ಬಾಂದ್ರಾದವನು ಟ್ಯಾಕ್ಸಿ ಹಿಡಿಯುತ್ತಾನೆ. ಅವನು ಗ್ಲಾಸನ್ನು ಕೆಳಗಿಟ್ಟ. ಪೊರ್ಬುಗಳೇ, ಚಹಾ ಆದರೆ ಇಲ್ಲಿ ನನ್ನ ಎದುರು ಕೂತುಕೊಳ್ಳಿ, ಒಂದು ಬಾರಿಸುತ್ತೇನೆ. ನಾನು ಎಂತ ಮಾಡುದು, ಅಂದರು ಅವರು, ಏನೂ ಬೇಡ, ಬೆಳಗ್ಗೆ ಕೂತ ಹಾಗೇ ಕೂತುಕೊಳ್ಳಿ. ಅವರು ಅವನ ಮುಖವನ್ನು ಒಂದು ಗಳಿಗೆ ನೋಡಿದರು, ಆ ನೋಟದಲ್ಲಿ ಎಲ್ಲ ಗೊತ್ತಾಯಿತೋ, ಎಷ್ಟು ದಿನದಿಂದ ಗೊತ್ತಿತ್ತೋ, ಕೇಳುವ ಧೈರ್ಯ ಇವನಿಗಿಲ್ಲ, ಅವರು ಕುರ್ಚಿ ತಿರುಗಿಸಿ ಕೂತು, ತೋರುಬೆರಳನ್ನು ಎತ್ತಿ ಕಿವಿಗೆ ಇಟ್ಟುಕೊಂಡರು. ಟಕ್. ಅವನು ಎಂಟು ಬಾರ್ ಬಾರಿಸಿದ, ಬೊಟ್ಟಿನ ಜಾಗದಲ್ಲಿ, ಅಷ್ಟು ಚೆನ್ನಾಗಿತ್ತು, ಹೆತ್ತವರಿಗೆ ಹೆಗ್ಗಣ ಮುದ್ದು, ಬೆರಳು ಕಿವಿಯಲ್ಲೇ ಇದೆ. ಬಗ್ಗಿ ಚೂಪಿನ ತಿರುಪನ್ನು ಒಂದು ಗೆರೆಯಷ್ಟು ಇಳಿಸಿದ, ದನಿಯ ಮೇಲೆ ತೆಳ್ಳಗೆ ಬಟ್ಟೆ ಬಿತ್ತು, ಬೆರಳು ಅಲ್ಲೇ. ಇನ್ನೊಂದು ಗೆರೆ, ಬಟ್ಟೆ ದಪ್ಪವಾಯಿತು, ಬೆರಳು ಕಿವಿಯ ತೂತು ಬಿಟ್ಟು ಹಾಲೆಗೆ ಬಂತು. ಇನ್ನೊಂದು. ತಾನೇ ಸಾಕಿದ ಹಕ್ಕಿಯ ಗಂಟಲು ಒತ್ತಿದ ಹಾಗಾಯಿತು ಅವನಿಗೆ, ಬೆರಳು ಕೆನ್ನೆಗಿಳಿಯಿತು, ಇನ್ನೊಂದು ಅಂದರೆ ಪೂರ್ತಿ ಕಂಬಳಿ, ಅದೇ ಲಂಡನ್ನಿನ ನೆಗಡಿ, ಅದೇ ಅದೇ, ನೆಗಡಿ ಡಬ್ಬಿಗಾಗಿರಲಿಲ್ಲ, ಅವನು ಹಲ್ಲು ಕಚ್ಚಿ ತಿರುಗಿಸಿದ, ಬೆರಳು ಕೆನ್ನೆ ಬಿಟ್ಟು ಗದ್ದ ಬಿಟ್ಟು ಮೊಣಕಾಲಿಗೆ ಬಂದು ಕೂತಿತು. ಸ್ಪೀಕರ್ ಕರಕರ ಅಂದಿತು, ಬಸ್, ಬಸ್, ರಮಾನಾಥ್‌ಜೀ, ವಹೀ, ಹಿಲಾನಾ ಮತ್, ಅಲಗಾಡಿಸಬಾರದಂತೆ. ಸಾಹೇಬರು ಬಾಗಿಲಿನಿಂದಲೇ ಕೈ ಎತ್ತಿ ಹೆಬ್ಬೆರಳು ತೋರುಬೆರಳು ಸೇರಿಸಿ ಬಹುತ್ ಅಚ್ಛಾ ಎಂದು ಸನ್ನೆ ಮಾಡಿದರು, ಫೋನಿನ ಮಾತು ಅಲ್ಲಿಗೆ ನಿಂತಿತು, ಪೊರ್ಬುಗಳು ಕುರ್ಚಿಯನ್ನು ಮುಂಚಿನ ಜಾಗಕ್ಕೆ ಎಳೆದುಕೊಂಡು ಹೋದರು.

ಕೆಂಪು ದೀಪ ಹೊತ್ತಿತು, ಎಲ್ಲರೂ ಒಟ್ಟಿಗೆ, ತಪ್ಪಿದರೆ ಎಲ್ಲರಿಗೂ ಮೊದಲಿನಿಂದ, ಹಾಡುವವಳ ಬಾಯಿ ಗಾಜಿನ ಗೂಡಿನೊಳಗೆ ತೆರೆದುಕೊಳ್ಳುತ್ತಿದೆ, ಅವನು ಎಣಿಸುತ್ತಿದ್ದಾನೆ, ಎಣಿಕೆಯ ನಡುವೆ ಅಣವೀರಪ್ಪ ಬರುತ್ತಾನೆ, ಭಾನುವಾರ ಬರುತ್ತಾನೆ, ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಕೇಳುತ್ತಾನೆ, ಹೆಂಗ ಬಂತ್ರಿ, ಏನಂದ್ರು, ಅಷ್ಟು ಕೇಳಿ ಇವನ ತುಟಿ ನೋಡುತ್ತ ನಿಲ್ಲುತ್ತಾನೆ, ಆ ತುಟಿಯಿಂದ ಏನು ಬರಬೇಕು, ಚೆನ್ನಾಗಿ ಬಂತು ಅಣವೀರಪ್ಪನವರೇ, ಬೊಟ್ಟು ಇಟ್ಟಲ್ಲೇ ಇತ್ತು, ಅಲಗಾಡಿಸಲಿಲ್ಲ, ಎಂದು ಹೇಳಿದರೆ ಸುಳ್ಳು, ನಮಗಿಬ್ಬರಿಗೂ ಕಿವಿ ಹೋಗಿದೆ ಎಂದರೆ ಆ ಮನುಷ್ಯನಿಗೆ ಮಿಲ್ಲಿನಾಚೆ ಇರುವ ಒಂದೇ ಸುಖವೂ ಹೋಗುತ್ತದೆ, ಇವನಿಗಾದರೂ ಕುರ್ಚಿ ಇದೆ, ಕುರ್ಚಿ ಉಳಿಯಿತು, ಕುರ್ಚಿ ಉಳಿಯಿತಲ್ಲ, ಮೂವತ್ತೊಂದು, ಮೂವತ್ತೆರಡು, ವಯಲಿನ್‌ಗಳ ಬಿಲ್ಲುಗಳೆಲ್ಲ ಒಟ್ಟಿಗೆ ಕೆಳಗಿಳಿದವು, ಟಕ್, ಈಗ ಅವನೊಬ್ಬನೇ. ಬೆರಳಿಗೆ ತಂತಿ ಗೊತ್ತು, ಎಲ್ಲಿ ಜಾರಬೇಕು ಎಲ್ಲಿ ಅದುರಬೇಕು ಗೊತ್ತು, ಬೆರಳು ಮಾಡಿದ್ದು ಎಲ್ಲಿಗೆ ಹೋಗುತ್ತಿದೆಯೋ ಗೊತ್ತಿಲ್ಲ, ಕಂಬಳಿಯಡಿ ಯಾರೋ ನರಳಿದಂತೆ ಅವನಿಗೆ ಕೇಳುತ್ತಿದೆ, ಮೂವತ್ತೈದು ಜನ ಉಸಿರು ಬಿಗಿಹಿಡಿದು ಕೂತಿದ್ದಾರೆ, ಗಾಜಿನಾಚೆ ರೆಕಾರ್ಡಿಸ್ಟ್ ಕಣ್ಣು ಮುಚ್ಚಿದ್ದಾನೆ, ಸಾಹೇಬರ ತಲೆ ತೂಗುತ್ತಿದೆ, ತನ್ನ ದನಿ ತನ್ನನ್ನು ಬಿಟ್ಟು ಎಲ್ಲರ ಮನೆಗೂ ಹೋಗಿದೆ, ಅವನಿಗೆ ಅಳು ಬಂತು, ಕಣ್ಣು ಒರೆಸಲು ಕೈಗೆ ಬಿಡುವಿಲ್ಲ, ನಾಲ್ಕು ಬಾರ್ ಆಯಿತು, ಐದು, ಚೆನ್ನಾಗಿದೆಯೇ, ಯಾರಾದರೂ ಹೇಳಿ, ನಾನು ಬಾರಿಸುತ್ತಿರುವುದು ಚೆನ್ನಾಗಿದೆಯೇ, ಮುಂದಿನ ಸಾಲಿನಲ್ಲಿ ದೂಜ ಪೊರ್ಬುಗಳ ಬೆರಳು, ಮೊಣಕಾಲ ಮೇಲಿನ ಬೆರಳು, ಮೆಲ್ಲಗೆ ಏಳುತ್ತಿದೆ, ಕಿವಿಗೆ ಹೋಗುತ್ತದೆಯೇ, ಬೆರಳು, ಇಲ್ಲ, ಇಳಿಯಿತು, ಮತ್ತೆ ಎದ್ದಿತು, ಇಳಿಯಿತು, ತಾಳ ಹಾಕುತ್ತಿದೆ, ಅವರು ಕೇಳುತ್ತಿದ್ದಾರೆ, ತಾಳ ಹಾಕುತ್ತ ಕೇಳುತ್ತಿದ್ದಾರೆ, ಬೆರಳು, ಮೊಣಕಾಲ ಮೇಲೆ, ಏಳುತ್ತಿದೆ, ಇಳಿಯುತ್ತಿದೆ, ಬೆರಳು