ಮೂರು ಉಂಡೆ ದಾರ

ಹೊಲಿಗೆ ವಿದ್ಯೆಯನ್ನ ಮುನ್ನೂರಕ್ಕೆ ಏರಿಸಿದರೆ ಏನು ಸಿಗುತ್ತೆ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇದೆ. ಮೂರು ಉಂಡೆ ದಾರ. ಎಂಟು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗೇದಿದ್ದಕ್ಕೆ ಉಳಿದಿದ್ದು ಅಷ್ಟೇ. ಅದೂ ಬರೀ ಬಿಳಿ ದಾರ.

ಆಟದ ವಿಷಯ ಹೇಳ್ತಿದ್ದೀನಿ. ಟಿವಿಯಲ್ಲಿ, ಫೋನಿನಲ್ಲಿ ಸಾವಿರಾರು ಜನ ಒಟ್ಟಿಗೆ ಆಡ್ತಾರಲ್ಲ, ಅಂಥದ್ದು. ಕಾಡು, ಗುಹೆ, ತೋಳ, ಕತ್ತಿ ಎಲ್ಲ ಇರುತ್ತೆ. ಬುದ್ಧಿ ಇದ್ದವರು ಕತ್ತಿ ಹಿಡಿದು ತೋಳ ಹೊಡೆಯೋಕೆ ಹೋಗ್ತಾರೆ. ನಾನು ಅಲ್ಲಿಗೂ ಹೋಗಿ ಸೂಜಿ ಹಿಡಿದೆ. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಅಂಗಡಿಯಲ್ಲಿ ಕೂತು ಬೀದಿಯವರ ಪ್ಯಾಂಟು ಗಿಡ್ಡ ಮಾಡೋದು, ಕಿತ್ತುಹೋದ ಜಿಪ್ಪು ಹಾಕೋದು. ಆರರ ಮೇಲೆ ಮನೆಗೆ ಬಂದು ಆಟದಲ್ಲಿ ಕೈಗವಸು ಹೊಲಿಯೋದು. ತಲೆ ಸರಿ ಇರೋರು ಮಾಡೋ ಕೆಲಸವಾ ಇದು? ಅಲ್ಲ. ನನಗೂ ಗೊತ್ತು.

ಶುರು ಮಾಡಿದ್ದು ಅಪ್ಪನಿಗೋಸ್ಕರ. ಅಪ್ಪ ನಲವತ್ತು ವರ್ಷ ಕೋಟು ಹೊಲಿದವನು. ನಾಲ್ಕು ವರ್ಷದ ಹಿಂದೆ ಅವನ ಬಲಗೈ ನಡುಗೋಕೆ ಶುರುವಾಯ್ತು. ಮೊದಲು ಸೂಜಿಗೆ ದಾರ ಪೋಣಿಸೋಕೆ ನನ್ನನ್ನ ಕರೆದ. ಆಮೇಲೆ ಗುಂಡಿಗೆ ಕಾಜಾ ಮಾಡೋದನ್ನ ನನಗೆ ಬಿಟ್ಟ. ಒಂದು ದಿನ ಕತ್ತರಿಯನ್ನ ಮೇಜಿನ ಮೇಲಿಟ್ಟು "ನೋಡ್ಕೋ" ಅಂತ ಒಂದೇ ಮಾತು ಹೇಳಿ ಮನೆಗೆ ನಡೆದವನು, ಮತ್ತೆ ಅಂಗಡಿ ಮೆಟ್ಟಿಲು ಹತ್ತಲಿಲ್ಲ. ಬೆರಳಿಗೆ ಕೆಲಸ ಕೊಡ್ತಾ ಇರಿ ಅಂತ ಡಾಕ್ಟರ್ ಅಂದಿದ್ದಕ್ಕೆ, ಲಿಫ್ಟ್ ರಿಪೇರಿ ಮಾಡೋ ನನ್ನ ತಮ್ಮ ಈ ಆಟವನ್ನ ಟಿವಿಗೆ ಜೋಡಿಸಿ, ಗುಂಡಿಗಳಿರೋ ಕಂಟ್ರೋಲರನ್ನ ಅಪ್ಪನ ಕೈಗೆ ಕೊಟ್ಟ. ಎರಡು ದಿನ ಮುಖ ಸಿಂಡರಿಸಿಕೊಂಡಿದ್ದ ಅಪ್ಪ ಮೂರನೇ ದಿನ ಊಟಕ್ಕೆ ಕರೆದರೂ ಏಳಲಿಲ್ಲ.

ಆಟದಲ್ಲಿ ಅವನು ಹೊಲಿಗೆ ಮೇಜಿನ ಹತ್ತಿರವೂ ಸುಳಿಯಲಿಲ್ಲ. ಆದರೆ ದರ್ಜಿ ಬುದ್ಧಿ ಎಲ್ಲಿಗೆ ಹೋಗಬೇಕು? ದಾರಿಯಲ್ಲಿ ಬಿದ್ದಿದ್ದೆಲ್ಲ ಆರಿಸಿಕೊಳ್ಳೋನು. ತೋಳದ ಹಲ್ಲು, ಮುರಿದ ಬಾಣ, ಒಣಗಿದ ಎಲೆ, ಯಾರೋ ಬಿಟ್ಟುಹೋದ ಒಂಟಿ ಚಪ್ಪಲಿ. ಅಂಗಡಿಯಲ್ಲಿ ಬೆರಳಗಲದ ಬಟ್ಟೆ ಚೂರನ್ನೂ ಬಿಸಾಡದ ಮನುಷ್ಯ. ಆಟದವರು ಮೊದಲಿಗೆ ಕೊಡೋ ಚೀಲದಲ್ಲಿ ಹದಿನಾರೇ ಸಾಮಾನು ಹಿಡಿಯೋದು. ದಿನಾ ಅದೇ ರಾಗ.

"ಚೀಲ ತುಂಬ್ತು ಅಂತಿದೆ ನೋಡು ಮತ್ತೆ. ಯಾವನು ಇದನ್ನ ಹೊಲಿದವನು? ಅಳತೆನೇ ಗೊತ್ತಿಲ್ಲ ಅವನಿಗೆ."

ನಲವತ್ತು ಸಾಮಾನು ಹಿಡಿಯೋ ಮಹಾಚೀಲ ಅಂತ ಒಂದು ಆ ಆಟದಲ್ಲಿದೆ. ಹೊಲಿಗೆಯಲ್ಲಿ ಮುನ್ನೂರು ಮುಟ್ಟಿದವರು ಮಾತ್ರ ಅದನ್ನ ಹೊಲಿಯಬಹುದು. ಹೊಲಿದವರ ಹೆಸರು ಚೀಲದ ಕೆಳಗೇ ಬರುತ್ತೆ. ಅದನ್ನ ನಾನೇ ಮಾಡಿ ಅಪ್ಪನಿಗೆ ಕೊಡ್ತೀನಿ ಅಂದಿದ್ದಕ್ಕೆ ತಮ್ಮ ಬಿದ್ದೂ ಬಿದ್ದೂ ನಕ್ಕ.

"ಅಕ್ಕಾ, ಅದು ಆಟದ ಬಜಾರಲ್ಲೇ ಸಿಗತ್ತೆ. ನಾನು ಎರಡು ವಾರ ತೋಳ ಹೊಡೆದ್ರೆ ತಂದ್ಕೊಡ್ತೀನಿ. ವಿದ್ಯೆ ಏರಿಸೋಕೆ ಹೋಗ್ಬೇಡ. ಹೋದವರೆಲ್ಲ ನೂರೈವತ್ತಕ್ಕೆ ಕೈ ಎತ್ತಿದ್ದಾರೆ. ಸುಮ್ನೆ ದಂಡ."

"ನಾನು ಮಾಡ್ತೀನಿ."

"ಯಾಕೆ ಅಂತ?"

ಅವನಿಗೆ ಹೇಳಲಿಲ್ಲ. ನಿಮಗೆ ಹೇಳ್ತೀನಿ.

ಹದಿನೇಳನೇ ವಯಸ್ಸಿಗೆ ಅಪ್ಪನ ಅಂಗಡಿಯಲ್ಲಿ ಕೂತವಳು ನಾನು. ಏನೇ ಹೊಲಿದು ಕೊಡಲಿ, ಅಪ್ಪ ಅದನ್ನ ಸೀದಾ ಒಳಮೈ ಹೊರಗೆ ಮಾಡಿ, ಕಿಟಕಿ ಬೆಳಕಿಗೆ ಹಿಡಿದು, ಕನ್ನಡಕವನ್ನ ಮೂಗಿನ ತುದಿಗೆ ಇಳಿಸಿ ನೋಡೋನು. ಆಮೇಲೆ ಬ್ಲೇಡು. ಪರ್ ಅಂತ ಒಂದೇ ಎಳೆತಕ್ಕೆ ನನ್ನ ಒಂದು ದಿನದ ಕೆಲಸ ಬಿಚ್ಚಿ ಕೈಗೆ ಬರ್ತಿತ್ತು. ಗಿರಾಕಿಗಳು ಎದುರಿಗೆ ನಿಂತಿದ್ದರೂ ಅಷ್ಟೇ. "ಸೊಟ್ಟ ಹೋಗಿದೆ ಸೊಟ್ಟಮ್ಮ, ಮತ್ತೆ ಹೊಲಿ" ಅನ್ನೋನು. ಗಿರಾಕಿಗಳೂ ನಗೋರು. ಆಮೇಲಾಮೇಲೆ ಬ್ಲೇಡು ಕಮ್ಮಿಯಾಯ್ತು, ಸೊಟ್ಟಮ್ಮ ಮಾತ್ರ ಹೋಗಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಚೆನ್ನಾಗಿದೆ ಅನ್ನೋ ಮಾತು ಅವನ ಬಾಯಿಂದ ಒಂದು ಸಲ, ತಪ್ಪಿ ಕೂಡ, ಬಂದಿಲ್ಲ.

ನನಗೆ ಬೇಕಾಗಿದ್ದು ಇಷ್ಟೇ. ನಾನು ಹೊಲಿದಿದ್ದನ್ನ ಅಪ್ಪ ಒಂದು ಸಲ, ತಿರುವಿ ನೋಡದೆ, ಹೆಗಲಿಗೆ ಹಾಕ್ಕೋಬೇಕು. ನಲವತ್ತಮೂರು ವರ್ಷದ ಹೆಂಗಸು ಆಡೋ ಮಾತಾ ಇದು ಅಂತ ನಗಬೇಡಿ. ನಿಜವಾದ ಕೋಟು ಕೊಟ್ಟರೆ ಅವನು ಒಳಗೆ ಕೈ ಹಾಕಿಯೇ ಹಾಕ್ತಾನೆ. ಆಟದ ಚೀಲಕ್ಕೆ ಒಳಗೂ ಇಲ್ಲ, ಅಸ್ತರೂ ಇಲ್ಲ. ಅಲ್ಲಾದರೂ ಗೆಲ್ತೀನಿ ಅಂದ್ಕೊಂಡೆ. ಅವನ ಕೈ ಬೇರೆ ದಿನದಿಂದ ದಿನಕ್ಕೆ ಹೆಚ್ಚು ನಡುಗ್ತಿತ್ತು.

ಫೋನಿನಲ್ಲಿ ಆಟ ಹಾಕಿಸಿಕೊಂಡೆ. ಹೆಸರು ಕೊಡಿ ಅಂತ ಕೇಳಿತು. ಬೇಕಂತಲೇ, ಹೊಟ್ಟೆಉರಿಗೆ, ಸೊಟ್ಟಮ್ಮ ಅಂತಲೇ ಕೊಟ್ಟೆ.

ಅಲ್ಲಿಂದ ಶುರುವಾಯ್ತು ನನ್ನ ಗ್ರಹಚಾರ. ಮೊದಲ ಐವತ್ತು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಆಯ್ತು. ಕರವಸ್ತ್ರ, ಪಟ್ಟಿ, ಟೋಪಿ. ನೂರು ದಾಟಿದ ಮೇಲೆ ನೋಡಿ, ಒಂದು ಅಂಕ ಏರೋಕೆ ಐದು ಕೈಗವಸು. ಇನ್ನೂರ ನಲವತ್ತು ಜೊತೆ ಕೈಗವಸು ಹೊಲಿದೆ. ಕೊಳ್ಳೋರು ಯಾರು? ಬಜಾರಿನ ತುಂಬ ನನ್ನಂಥ ತಲೆಕೆಟ್ಟವರು ಹೊಲಿದ ಕೈಗವಸೇ. ಆ ಆಟದಲ್ಲಿ ಇರೋ ಎಲ್ಲರಿಗೂ ಹತ್ತು ಹತ್ತು ಕೈ ಇದ್ದರೂ ಮುಗೀತಿರಲಿಲ್ಲ. ಕಾಡಿನಲ್ಲಿ ಸತ್ತ ತೋಳದ ಹೊಟ್ಟೆಯಿಂದ ಅದಕ್ಕಿಂತ ಒಳ್ಳೆ ಕೈಗವಸು ಪುಕ್ಕಟೆ ಸಿಗೋದು. ತೋಳ ಯಾವ ಅಂಗಡಿಯಲ್ಲಿ ಹೊಲಿಸಿಕೊಂಡಿತ್ತೋ!

ಇನ್ನೂರಾದ ಮೇಲೆ ಹೊಲಿಗೆ ಕೆಡೋದಕ್ಕೂ ಶುರುವಾಯ್ತು. ಸಾಮಾನೆಲ್ಲ ಜೋಡಿಸಿ ಒತ್ತಿದರೆ 'ಕೆಟ್ಟಿತು' ಅಂತ ಬಂದು ಬಟ್ಟೆಯೂ ಮಾಯ, ದಾರವೂ ಮಾಯ. ನಿಜವಾದ ಬಟ್ಟೆ ಕೆಟ್ಟರೆ ಎಲ್ಲಿ ಕೆಟ್ಟೆ ಅಂತ ಗೊತ್ತಾಗುತ್ತೆ, ಕೈ ತಿದ್ದಿಕೊಳ್ಳಬಹುದು. ಇಲ್ಲಿ ತಿದ್ದೋದಕ್ಕೆ ಏನಿದೆ? ಅದೇ ಗುಂಡಿ, ಅದೇ ಬೆರಳು. ಇನ್ನೂರ ತೊಂಬತ್ತೊಂಬತ್ತರಲ್ಲಿ ಒಂಬತ್ತು ಸಲ ಕೆಟ್ಟಿತು. ಫೋನನ್ನ ಗೋಡೆಗೆ ಬೀಸಿ ಒಗೆಯಬೇಕು ಅನ್ನಿಸಿತು. ಆ ಸಿಟ್ಟಿನಲ್ಲಿ ಯಾರದೋ ಮದುವೆ ಪ್ಯಾಂಟನ್ನ ಎರಡಿಂಚು ಜಾಸ್ತಿ ಗಿಡ್ಡ ಮಾಡಿ, ಅವರ ಹತ್ತಿರ ಚೆನ್ನಾಗಿ ಉಗಿಸಿಕೊಂಡೆ.

ಮುನ್ನೂರು ಆಗಿದ್ದು ಮಧ್ಯಾಹ್ನ, ಅಂಗಡಿಯಲ್ಲಿ, ಒಂದು ಕೈಯಲ್ಲಿ ಬ್ರೆಡ್ಡು ಹಿಡ್ಕೊಂಡಿದ್ದಾಗ. ತುತ್ತೂರಿ ಊದಿತು. ಪರದೆಯ ಮೇಲೆ ಒಂದು ಚಿನ್ನದ ಸೂಜಿ ಗಿರಗಿರ ತಿರುಗಿತು. ಅಷ್ಟೇ. ಮುಂದೆ ನಿಂತಿದ್ದ ಹೆಂಗಸು "ನನ್ನ ಜಿಪ್ಪು ಆಯ್ತೇನಮ್ಮಾ?" ಅಂದರು. ಇಲ್ಲ ಅಂದೆ.

ಚೀಲಕ್ಕೆ ಹನ್ನೆರಡು ಕಟ್ಟು ಜೇಡರೇಷ್ಮೆ ಬೇಕು. ಅದು ಗುಹೆಯ ದೊಡ್ಡ ಜೇಡಗಳ ಹತ್ತಿರ ಮಾತ್ರ ಸಿಗೋದು. ತಮ್ಮ ಗೊಣಗಿಕೊಂಡೇ ಜೊತೆಗೆ ಬಂದ. ಇಬ್ಬರೂ ಸೇರಿ ಮೂರು ಭಾನುವಾರ ಅವುಗಳ ಕೈಲಿ ಕಚ್ಚಿಸಿಕೊಂಡು ತಂದೆವು. ಮಹಾಚೀಲ ಮೊದಲನೇ ಸಲಕ್ಕೇ ಆಯ್ತು. ಕಡುನೀಲಿ ಬಣ್ಣ, ಬಾಯಿಗೆ ಬೆಳ್ಳಿ ಅಂಚು, ಕೆಳಗೆ 'ಹೊಲಿದವರು: ಸೊಟ್ಟಮ್ಮ'. ಸುಳ್ಳು ಹೇಳಲ್ಲ, ಆವತ್ತು ಎದೆ ತುಂಬಿ ಬಂತು.

ಮುಂದಿನ ಭಾನುವಾರ ಮಧ್ಯಾಹ್ನ ಅಪ್ಪ ಟಿವಿ ಮುಂದೆ ಕೂತಿದ್ದ. ನಾನು ಪಕ್ಕದ ಕುರ್ಚಿಯಿಂದ ಫೋನಿನಲ್ಲಿ ಚೀಲ ಕಳಿಸಿದೆ. ಅವನ ಟಿವಿಯಲ್ಲಿ ಬಂತು.

"ಏನಿದು?"

"ಚೀಲ. ನಲವತ್ತು ಹಿಡಿಯತ್ತೆ. ಹಾಕ್ಕೋ."

ಅಪ್ಪ ಕನ್ನಡಕವನ್ನ ಮೂಗಿನ ತುದಿಗೆ ಇಳಿಸಿದ. ಕೆಳಗಿನ ಹೆಸರು ಓದಿದ. ಚೀಲವನ್ನ ಟಿವಿಯಲ್ಲಿ ಮೆಲ್ಲಗೆ ತಿರುಗಿಸಿದ. ಎಡಕ್ಕೆ, ಬಲಕ್ಕೆ, ತಳ ಮೇಲೆ ಮಾಡಿ. ನೋಡ್ತಾ ಕೂರೋಕೆ ನನ್ನ ಕೈಲಿ ಆಗಲಿಲ್ಲ. ಚಹಾ ಮಾಡ್ತೀನಿ ಅಂತ ಎದ್ದು ಹೋದೆ. ಒಲೆ ಮುಂದೆ ನಿಂತು, ವಾಪಸ್ ಬರೋ ಹೊತ್ತಿಗೆ ಹಾಕ್ಕೊಂಡಿರ್ತಾನೆ, ಏನೂ ಅನ್ನದಿದ್ರೂ ಪರವಾಗಿಲ್ಲ, ಹಾಕ್ಕೊಂಡಿದ್ರೆ ಸಾಕು ಅಂತ ನನಗೆ ನಾನೇ ಹೇಳಿಕೊಂಡೆ.

ಎರಡು ಲೋಟ ಹಿಡ್ಕೊಂಡು ಬಂದರೆ ಟಿವಿಯಲ್ಲಿ ಚೀಲ ಇಲ್ಲ. ಮೂರು ಉಂಡೆ ಬಿಳಿ ದಾರ ಇದೆ.

"ಚೀಲ ಎಲ್ಲಿ?"

ಅಪ್ಪ ಪರದೆಯನ್ನೇ ನೋಡ್ತಿದ್ದ. "ಬಿಚ್ಚಿದೆ."

"ಏನಂದೆ?"

"ಒಳಗೆ ತೋರಿಸ್ತಿರಲಿಲ್ಲ ಇದು. ಬಿಚ್ಚೋಕೆ ಒಂದು ಗುಂಡಿ ಇತ್ತು, ಒತ್ತಿದೆ."

"ಖಂಡಿತ ಬಿಚ್ಚಬೇಕಾ ಅಂತ ಕೇಳತ್ತಲ್ಲಪ್ಪಾ ಅದು!"

"ಕೇಳ್ತು. ಹೂಂ ಅಂದೆ. ಬಿಚ್ಚಿದ್ರೆ ಏನಾಯ್ತು, ಮತ್ತೆ ಹೊಲಿದ್ರಾಯ್ತು ಅಂದ್ಕೊಂಡೆ. ಬಟ್ಟೆ ಎಲ್ಲಿಗೆ ಹೋಗತ್ತೆ?" ಅಂದು ಟಿವಿ ಕಡೆ ಕೈ ತೋರಿಸಿದ. ಕೈ ನಡುಗ್ತಿತ್ತು. "ಬಟ್ಟೆ ಎಲ್ಲಿಗೆ ಹೋಯ್ತು?"

ನನ್ನ ಪಿತ್ತ ನೆತ್ತಿಗೇರಿತು. ಲೋಟಗಳನ್ನ ಕುಕ್ಕಿದ ರಭಸಕ್ಕೆ ಚಹಾ ಮೇಜಿನ ತುಂಬ ಚೆಲ್ಲಿತು. ಬಾಯಿಗೆ ಬಂದಿದ್ದೆಲ್ಲ ಅಂದೆ. ಅಂಗಡಿಯಲ್ಲಿ ಬಿಚ್ಚಿದ್ದು ಸಾಲಲಿಲ್ವಾ ಅಂದೆ. ನಲವತ್ತು ವರ್ಷ ಊರಿನವರಿಗೆಲ್ಲ ಹೊಲಿದುಕೊಟ್ಟೆ, ಮಗಳು ಹೊಲಿದಿದ್ದು ಮಾತ್ರ ಒಂದೂ ಉಳೀಬಾರದಾ ಅಂದೆ. ನಿನ್ನ ಕೈ ನಡುಗಿದ್ರೂ ಬಿಚ್ಚೋದೊಂದು ಮರೆತಿಲ್ಲ ನೋಡು ಅಂದೆ. ಅದೊಂದು ಅನ್ನಬಾರದಿತ್ತು. ಅಂದಾಗಿತ್ತು. ಅಪ್ಪ ಕಂಟ್ರೋಲರನ್ನ ತೊಡೆಯ ಮೇಲಿಟ್ಟುಕೊಂಡ.

ಮೂರು ದಿನ ಮನೆಯಲ್ಲಿ ಮಾತಿಲ್ಲ. ಊಟ ಬಡಿಸೋದು, ತಟ್ಟೆ ಎತ್ತೋದು, ಅಷ್ಟೇ. ತಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವನು ಮೊದಲು ನಕ್ಕ, ಆಮೇಲೆ ನಾನು ನಗ್ತಿಲ್ಲ ಅಂತ ಗೊತ್ತಾಗಿ ತೆಪ್ಪಗಾದ.

"ನಾನು ಆವತ್ತೇ ಹೇಳಿದ್ನಲ್ಲ ಅಕ್ಕಾ, ಆ ವಿದ್ಯೆ ದಂಡ ಅಂತ. ಬಿಟ್ಬಿಡು. ಅಪ್ಪಂಗೆ ಬಜಾರಿಂದ ಒಂದು ತಂದ್ಕೊಡ್ತೀನಿ."

"ತಂದ್ಕೊಡು," ಅಂದೆ. ಅಷ್ಟು ಬೇಜಾರಾಗಿತ್ತು. ಆಟವನ್ನ ಫೋನಿನಿಂದ ತೆಗೆದೇ ಹಾಕೋಣ ಅಂತ ಬೆರಳು ಇಟ್ಟೆ, ಯಾಕೋ ತೆಗೆಯಲಿಲ್ಲ.

ನಾಲ್ಕನೇ ದಿನ ಕರೆಂಟು ಹೋಗಿ ಮಿಷನ್ ನಿಂತಿತು. ನಾಲ್ಕು ಗಂಟೆಗೇ ಅಂಗಡಿ ಮುಚ್ಚಿ ಮನೆಗೆ ಬಂದೆ. ನಮ್ಮ ಕಡೆ ಕರೆಂಟು ಇತ್ತು. ಒಳಗಿಂದ ಜೇಡಗಳ ಕಿರಿಚಾಟ ಕೇಳ್ತಿತ್ತು. ಅಪ್ಪ ಟಿವಿ ಮುಂದೆ ಮುಂದಕ್ಕೆ ಬಗ್ಗಿ ಕೂತಿದ್ದ. ಗುಹೆಯೊಳಗೆ ಒಬ್ಬನೇ. ಕೈ ನಡುಗಿದ ಹಾಗೆಲ್ಲ ಟಿವಿಯಲ್ಲಿ ಅವನ ಮನುಷ್ಯನೂ ಅತ್ತಿತ್ತ ತೂರಾಡ್ತಿದ್ದ. ಕತ್ತಿ ಒಂದು ಕಡೆ, ಜೇಡ ಒಂದು ಕಡೆ. ಕಚ್ಚಿತು, ಸತ್ತ. ಆಟದಲ್ಲಿ ಸತ್ತವರೆಲ್ಲ ಏಳೋ ಸ್ಮಶಾನದಿಂದ ಎದ್ದು ಮತ್ತೆ ಗುಹೆಯ ಕಡೆ ನಡೆದ. ಸಾವಿನ ಲೆಕ್ಕ ಮೂಲೆಯಲ್ಲಿ ತೋರಿಸುತ್ತೆ. ಮೂವತ್ತೊಂದು ಅಂತಿತ್ತು.

ಅವನು ಚೀಲ ತೆರೆದಾಗ ನೋಡಿದೆ. ತೋಳದ ಹಲ್ಲಿಲ್ಲ, ಬಾಣ ಇಲ್ಲ, ಎಲೆ ಇಲ್ಲ, ಆ ಒಂಟಿ ಚಪ್ಪಲಿಯೂ ಇಲ್ಲ. ಎಲ್ಲ ಬಿಸಾಡಿದ್ದ. ಜೀವಮಾನದಲ್ಲಿ ಒಂದು ಚೂರು ಬಟ್ಟೆ ಬಿಸಾಡದವನು, ಹದಿನಾರು ಜಾಗವನ್ನೂ ಖಾಲಿ ಮಾಡಿಕೊಂಡು ಕೂತಿದ್ದ. ಅದರಲ್ಲಿ ಎರಡು ಕಟ್ಟು ಜೇಡರೇಷ್ಮೆ ಇತ್ತು.

"ಹನ್ನೆರಡು ಬೇಕಂತೆ," ಅಂದ ಅಪ್ಪ, ತಿರುಗಿ ನೋಡದೆ. "ನಿನ್ನ ತಮ್ಮ ಹೇಳ್ದ."

ನಾನು ಅಂಗಡಿಗೆ ಒಯ್ಯೋ ಬ್ಯಾಗನ್ನ ಹೆಗಲಿಂದ ಇಳಿಸಿ ಕುರ್ಚಿಯ ಮೇಲೆ ಕೂತೆ. ಸಿಟ್ಟು ಇನ್ನೂ ಹೋಗಿರಲಿಲ್ಲ. "ಯಾಕಪ್ಪಾ ಬಿಚ್ಚಿದೆ?"

"ಹೇಳಿದ್ನಲ್ಲ."

"ಇನ್ನೊಂದ್ಸಲ ಹೇಳು."

ಅಪ್ಪ ಆಟವನ್ನ ನಿಲ್ಲಿಸದೆಯೇ ಹೇಳಿದ. "ಸುತ್ತ ನೋಡಿದೆ. ಬಾಯಿ ನೋಡಿದೆ, ತಳ ನೋಡಿದೆ. ಹೊರಗೆ ಎಲ್ಲೂ ತಪ್ಪು ಸಿಗಲಿಲ್ಲ. ಹಾಗಿರೋಕೆ ಆಗಲ್ಲ, ಒಳಗೆ ಎಲ್ಲೋ ಇರ್ಬೇಕು ಅಂತ ಬಿಚ್ಚಿದೆ."

"ಸಿಕ್ತಾ?"

"ದಾರ ಸಿಕ್ತು. ತಪ್ಪು ಸಿಗಲಿಲ್ಲ."

ಇಪ್ಪತ್ತಾರು ವರ್ಷ ಕಾದ ಮಾತನ್ನ ಈ ಮನುಷ್ಯ ಹೇಳೋದಾದರೂ ಹೀಗಾ? ಬಿಚ್ಚಿ ಹಾಳು ಮಾಡಿದ ಮೇಲಾ? ಅಳಬೇಕೋ ಬೈಬೇಕೋ ಗೊತ್ತಾಗದೆ ಸೆರಗಿನಿಂದ ಮೂಗು ಒರೆಸಿಕೊಂಡೆ.

"ಮತ್ತೆ ಹೊಲಿತೀಯಾ?" ಅಂದ.

"ನೋಡೋಣ."

"ಹೊಲಿಯೋದಾದ್ರೆ ಆ ಹೆಸರು ತೆಗೆದ್ಬಿಡು. ಸೊಟ್ಟ ಎಲ್ಲಿದೆ ಅದರಲ್ಲಿ? ನೋಡಿದವರು ಏನಂದ್ಕೋತಾರೆ?"

"ಹೆಸರು ಬದಲಾಯಿಸೋಕೆ ಆಗಲ್ಲ. ಬೇರೆ ಹೆಸರು ಬೇಕಂದ್ರೆ ಮತ್ತೆ ಒಂದರಿಂದ ಶುರು ಮಾಡ್ಬೇಕು. ಎಂಟು ತಿಂಗಳು."

ಅಪ್ಪ ಈಗ ನನ್ನ ಕಡೆ ತಿರುಗಿದ. ಆಮೇಲೆ ತನ್ನ ಕೈ ನೋಡಿಕೊಂಡ. ಕಂಟ್ರೋಲರಿನ ಮೇಲೆ ಬಲಗೈ ಹೆಬ್ಬೆರಳು ತನ್ನ ಪಾಡಿಗೆ ತಾನು ಕುಣೀತಿತ್ತು. ಎಡಗೈಯಿಂದ ಅದನ್ನ ಒತ್ತಿ ಹಿಡ್ಕೊಂಡ.

"ಹಾಗಾದ್ರೆ ಬೇಡ," ಅಂದ. "ಇದೇ ಹೆಸರಲ್ಲಿ ಹೊಲಿ. ಬೇಗ ಹೊಲಿ."

ಅಷ್ಟರಲ್ಲಿ ಹಿಂದಿನಿಂದ ಜೇಡ ಬಂದು ಕಚ್ಚಿತು. ಮೂವತ್ತೆರಡು. "ಥೂ ಇದರ!" ಅಂದ ಅಪ್ಪ.

ನಾನು ಫೋನ್ ತೆಗೆದು ಆಟ ತೆರೆದೆ. ಇನ್ನೂ ಹತ್ತು ಕಟ್ಟು. ಯೋಚನೆ ಮಾಡಿದರೇ ಮೈ ಉರೀತಿತ್ತು.

"ಗುಹೆ ಬಾಗಿಲಲ್ಲಿ ನಿಂತಿರು, ಒಬ್ಬನೇ ಒಳಗೆ ನುಗ್ಗಬೇಡ," ಅಂದೆ. "ಮತ್ತೆ ಕೇಳಿಲ್ಲಿ, ಈ ಸಲ ಬಿಚ್ಚಿದ್ರೆ ಮಾತ್ರ ನಾನು ಸುಮ್ನಿರಲ್ಲ."

"ಬಿಚ್ಚಲ್ಲ," ಅಂದ ಅಪ್ಪ. ಸ್ಮಶಾನದಿಂದ ಎದ್ದು ಎರಡು ಹೆಜ್ಜೆ ನಡೆದ ಮೇಲೆ ಸೇರಿಸಿದ, "ತಿರುಗಿಸಿ ಮಾತ್ರ ನೋಡ್ತೀನಿ."