ದಬ್ಬಣಕ್ಕನ ಪರೀಕ್ಷೆ

“ಏಯ್, ಆ ಗೋಣಿಚೀಲ ಹೊರಗೆ ಬಿಸಾಕಿ ಬಾ! ನಾಯಿ ಸತ್ತ ಹಾಗೆ ನಾರ್ತಾ ಇದೆ!”

ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಮಾರುಕಟ್ಟೆ ಕಚೇರಿಯ ಸಾಹೇಬ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ನಿಂತಿದ್ದ. ಚೀಲದಲ್ಲಿ ಸತ್ತ ನಾಯಿಯೇನೂ ಇರಲಿಲ್ಲ. ತೊಗಲು ಕೊಯ್ಯುವ ರಂಪಿಗೆ, ಎರಡು ಉಳಿ, ಮರದ ಕೊಡತಿ, ಅಂಗೈಯಗಲದ ಒಂದು ಅಡಿಗಲ್ಲು, ಅಷ್ಟೇ. ಮೂವತ್ತು ವರ್ಷ ಕೈಬೆವರು ಕುಡಿದ ಸಾಮಾನು ಮಲ್ಲಿಗೆಯ ಹಾಗೆ ಘಮಘಮಿಸಬೇಕೆಂದರೆ ಎಲ್ಲಿಂದ ತರುವುದು?

“ಇದ್ರಲ್ಲೇ ಸ್ವಾಮಿ ನಾನು ಕೆಲಸ ಮಾಡೋದು,” ಎಂದಳು ದಬ್ಬಣಕ್ಕ.

“ಎಲ್ಲಾ ಒಳಗೇ ಕೊಡ್ತಾರೆ. ಹೊಸಾ ಪೆಟ್ಟಿಗೆ ಇದೆ. ನಿನ್ನ ಕಸ ತಗೊಂಡು ಏನ್ ಮಾಡ್ಲಿ? ಬರೋದಾದ್ರೆ ಬಾ, ಇಲ್ಲಾಂದ್ರೆ ದಾರಿ ಬಿಡು.”

ಅವಳು ಚೀಲವನ್ನು ಹೊರಗೆ ಗೋಡೆಗೆ ಒರಗಿಸಿಟ್ಟು ಬಂದಳು. ತುರುಬಿಗೆ ಸಿಕ್ಕಿಸಿದ ದಬ್ಬಣ ಮಾತ್ರ ಅವಳ ಜೊತೆ ಒಳಗೆ ಬಂತು. ಅದನ್ನು ಅವಳು ಮಲಗುವಾಗಲೂ ತೆಗೆಯುತ್ತಿರಲಿಲ್ಲ. ಬೀದಿಯ ಜನ ಅವಳ ನಿಜವಾದ ಹೆಸರು ಮರೆತು ದಬ್ಬಣಕ್ಕ ಅನ್ನತೊಡಗಿ ಎಷ್ಟೋ ಕಾಲವಾಗಿತ್ತು. ಸಾಹೇಬನಿಗೆ ಅದು ಕೂದಲಿಗೆ ಹಾಕುವ ಯಾವುದೋ ಪಿನ್ನಿನಂತೆ ಕಂಡಿರಬೇಕು.

ಹಳೆಯ ಮಾರುಕಟ್ಟೆಯ ಮೆಟ್ಟಿಲ ಕೆಳಗೆ ಅವಳದೊಂದು ಗೂಡು. ನೆಟ್ಟಗೆ ನಿಂತರೆ ತಲೆ ತಾಗುತ್ತದೆ, ಆದರೆ ಅಲ್ಲಿ ನಿಲ್ಲುವ ಕೆಲಸ ಯಾರಿಗಿದೆ? ಅವಳ ಅತ್ತೆ ಅಲ್ಲೇ ಕೂತು ಮುದುಕಿಯಾದಳು, ಇವಳೂ ಅಲ್ಲೇ ಕೂತು ಅರ್ಧ ಮುದುಕಿಯಾಗಿದ್ದಳು. ಈ ತಿಂಗಳ ಕೊನೆಗೆ ಆ ಕಟ್ಟಡ ಕೆಡವುತ್ತಾರೆ. ಹೊಸ ಕಟ್ಟಡದಲ್ಲಿ ಚರ್ಮದ ಕೆಲಸದವರಿಗೆಂದು ಮಳಿಗೆಗಳಿವೆ, ಆದರೆ ‘ತರಬೇತಿ ಪಡೆದ ಕುಶಲಕರ್ಮಿ’ ಎಂಬ ಸರ್ಟಿಫಿಕೇಟು ಇದ್ದವರಿಗೆ ಮಾತ್ರ. ಇವತ್ತು ಪಾಸಾದರೆ ಮಳಿಗೆ, ಇಲ್ಲದಿದ್ದರೆ ಬೀದಿ. ಅವಳು ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಉಗುರಿನ ಸಂದಿಯ ಕಪ್ಪನ್ನೆಲ್ಲ ಕೆರೆದು ತೊಳೆದುಕೊಂಡು ಹೊರಟಿದ್ದಳು.

“ಪರೀಕ್ಷೆನಾ? ನಿಂಗಾ?” ಎಂದು ಅತ್ತೆ ಹೌಹಾರಿದ್ದಳು. ಅತ್ತೆಗೆ ಕಣ್ಣು ಮಂಜಾಗಿ ನಾಲ್ಕು ವರ್ಷ. ದಾರಕ್ಕೆ ಮೇಣ ತಿಕ್ಕುವುದನ್ನು ಬಿಟ್ಟಿರಲಿಲ್ಲ, ಬಯ್ಯುವುದನ್ನೂ ಬಿಟ್ಟಿರಲಿಲ್ಲ. “ಯಾವ ಬೋಳಿಮಗ ಮಾಡ್ತಾನೆ ಅದನ್ನ?”

“ಮೇಡಂ ಮಾಡ್ತಾರಂತೆ ಅತ್ತೆ. ನಮ್ಮ ಮೇಡಂ.”

“ಯಾರು, ನಿನ್ನ ಕಾಲ ಹತ್ರ ಕೂತು ಬೆರಳೆಲ್ಲಾ ಚುಚ್ಕೊಂಡು ಗೊಳೋ ಅಂತಿದ್ಲಲ್ಲ, ಆ ಮುಂಡೇದಾ?”

“ಹಾಗೆಲ್ಲಾ ಅನ್ಬೇಡಿ. ನನ್ನನ್ನ ಅಮ್ಮಾ ಅಂತ ಕರೀತಾರೆ.”

“ಕರೀತಾಳೆ, ಕರೀತಾಳೆ. ತಗೋ ದಾರ. ಅಂಗಡಿ ದಾರದಲ್ಲಿ ಹೊಲಿದು ನನ್ನ ಮಾನ ಕಳೀಬೇಡ,” ಎಂದು ಅತ್ತೆ ಮೇಣ ಹಚ್ಚಿದ ದಾರದ ಸುರುಳಿಯೊಂದನ್ನು ಸೊಸೆಯ ಕೈಗೆ ತುರುಕಿದ್ದಳು.

ಅಮ್ಮಾ ಎಂದು ಕರೆದದ್ದು ಸುಳ್ಳಲ್ಲ. ಎರಡು ವರ್ಷದ ಹಿಂದೆ ಕೈಚೀಲದ ಪಟ್ಟಿ ಹೊಲಿಸಲು ಬಂದ ಆ ಹೆಂಗಸು ಬೋರಲು ಹಾಕಿದ ಡಬ್ಬದ ಮೇಲೆ ಕೂತು, “ನಂಗೂ ಕಲಿಸ್ಕೊಡ್ತೀರಾ ಅಮ್ಮಾ?” ಎಂದಾಗ ದಬ್ಬಣಕ್ಕನಿಗೆ ನಗು ಬಂದಿತ್ತು. ಜನ ಚಪ್ಪಲಿಯನ್ನು ಕಾಲಿನಿಂದಲೇ ತಳ್ಳುವ ಜಾಗದಲ್ಲಿ ಒಬ್ಬಳು ಬಂದು ಕೂತಳು, ನೀರು ಕೇಳಿ ಕುಡಿದಳು, ದಬ್ಬಣಕ್ಕ ಕುಡಿಯುವ ಅದೇ ಲೋಟದಲ್ಲಿ. ದಬ್ಬಣಕ್ಕ ಕರಗಿಹೋದಳು. ತೊಗಲಿನ ಬೆನ್ನ ಭಾಗ ಗಟ್ಟಿ, ಹೊಟ್ಟೆಯ ಭಾಗ ಎಳೆದರೆ ಹಿಗ್ಗುತ್ತದೆ ಎಂಬುದರಿಂದ ಹಿಡಿದು ಅಂಚನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿ ಗಾಜಿನಂತೆ ಮಾಡುವವರೆಗೆ, ಕೇಳಿದ್ದನ್ನೂ ಹೇಳಿದಳು, ಕೇಳದ್ದನ್ನೂ ಹೇಳಿದಳು. ಒಂದೇ ತೂತಿನಲ್ಲಿ ಎರಡು ಸೂಜಿ ಎದುರುಬದುರಾಗಿ ಹಾಯುವ ಹೊಲಿಗೆಗೆ ಅತ್ತೆ ಇಟ್ಟ ಹೆಸರು ‘ಗಂಡ ಹೆಂಡಿರ ಹೊಲಿಗೆ’ ಎಂದಾಗ ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕು, ಪುಸ್ತಕದಲ್ಲಿ ಬರೆದುಕೊಂಡಿದ್ದಳು.

ಆಮೇಲೆ ಮೇಡಂ ದೊಡ್ಡ ಬೀದಿಯಲ್ಲಿ ಅಂಗಡಿ ತೆರೆದಳು. ಮನೆಯಲ್ಲಿ ಹೊತ್ತು ಕಳೆಯಲು ಚರ್ಮದ ಕೆಲಸ ಕಲಿಯುವವರಿಗೆ ಬೇಕಾದ ಎಲ್ಲ ಸಾಮಾನು ಒಂದೇ ಪೆಟ್ಟಿಗೆಯಲ್ಲಿ: ಚಾಕು, ಸೂಜಿ, ಅಳತೆಪಟ್ಟಿ, ಸಾಲಾಗಿ ತೂತು ಹೊಡೆಯುವ ಹಲ್ಲಿನ ಕಬ್ಬಿಣ, ಜೊತೆಗೊಂದು ಬಣ್ಣದ ಪುಸ್ತಕ. ಅವಳು ಮೆಟ್ಟಿಲ ಕೆಳಗೆ ಬರುವುದು ನಿಂತಿತು. ಮಾರುಕಟ್ಟೆ ಕಚೇರಿ ಪರೀಕ್ಷೆ ನಡೆಸುವ ಕೆಲಸವನ್ನೂ ಅವಳ ಸಂಸ್ಥೆಗೇ ಕೊಟ್ಟಿತು. ಪರೀಕ್ಷೆಯ ಸುದ್ದಿ ಹಬ್ಬಿದಾಗ ದಬ್ಬಣಕ್ಕನೇ ಅಂಗಡಿಗೆ ಹೋಗಿದ್ದಳು. “ಅಯ್ಯೋ, ಅದು ಬರೀ ನಾಮ್‌ಕಾವಾಸ್ತೆ ಅಮ್ಮಾ. ನಾನಿಲ್ವಾ?” ಎಂದು ಮೇಡಂ ಅವಳ ಕೈ ಹಿಡಿದು ಹೇಳಿದ್ದಳು.

ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ದಬ್ಬಣಕ್ಕ ಕೋಣೆಯ ಕೊನೆಯ ಮೇಜಿನಲ್ಲಿ ಕೂತಳು. ಪಕ್ಕದ ಮೇಜಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು. ಕೈಗೆ ಏನಾದರೂ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದರಂತೆ. ಮಳಿಗೆ ಅವರಿಗೆ ಬೇಕಿರಲಿಲ್ಲ, ಗೋಡೆಗೆ ಹಾಕಲು ಸರ್ಟಿಫಿಕೇಟು ಬೇಕಿತ್ತು.

ಮೇಡಂ ಒಳಗೆ ಬಂದಳು. ದಬ್ಬಣಕ್ಕನ ಮುಖ ಅರಳಿತು. ಮೇಡಂ ಕಾಗದದ ಮೇಲಿನ ಕಣ್ಣು ಎತ್ತಲಿಲ್ಲ.

“ಕನ್ನಡಕ ಇಡೋ ಚೀಲ ಹೊಲೀಬೇಕು. ಚರ್ಮ ಎಲ್ಲರ ಮುಂದೆ ಇದೆ. ಪುಸ್ತಕದ ಕ್ರಮದಲ್ಲೇ ಮಾಡಿ.”

ಮೇಜಿನ ಮೇಲಿದ್ದದ್ದು ಮೇಡಂ ಅಂಗಡಿಯದೇ ಪೆಟ್ಟಿಗೆ. ಅದರ ಮೇಲೆ ‘ಜೋಡಿ ಹೊಲಿಗೆ: ನಮ್ಮ ಸಂಸ್ಥಾಪಕಿಯ ಸಂಶೋಧನೆ’ ಎಂದು ಬಂಗಾರದ ಅಕ್ಷರದಲ್ಲಿ ಅಚ್ಚಾಗಿತ್ತು. ದಬ್ಬಣಕ್ಕ ನಾಲ್ಕನೇ ತರಗತಿಯವರೆಗೆ ಓದಿದವಳು. ನಿಧಾನವಾಗಿ, ತುಟಿ ಅಲ್ಲಾಡಿಸುತ್ತಾ ಎರಡು ಸಲ ಓದಿದಳು. ಅತ್ತೆ ಗಂಡನ ಮನೆಗೆ ಬಂದ ದಿನದಿಂದ ಹೊಲಿದ ಹೊಲಿಗೆಯನ್ನು ಇವಳು ಯಾವಾಗ ಸಂಶೋಧಿಸಿದಳು? ಇರಲಿ, ವ್ಯಾಪಾರ, ಬರೆದುಕೊಳ್ಳಲಿ, ನನಗೆ ಮಳಿಗೆ ಸಿಕ್ಕರೆ ಸಾಕು ಎಂದು ಅದನ್ನು ಅಲ್ಲೇ ನುಂಗಿದಳು.

ಚರ್ಮಕ್ಕೆ ಒದ್ದೆ ಬಟ್ಟೆ ಆಡಿಸಿ ಸ್ವಲ್ಪ ಹೊತ್ತು ಬಿಟ್ಟಳು. ಆಮೇಲೆ ಎತ್ತಿ ಕೆನ್ನೆಗೆ ಒತ್ತಿಕೊಂಡಳು. ತಣ್ಣಗಿದ್ದರೆ ಹದ ಬಂದಿದೆ ಎಂದರ್ಥ, ಕೈಗಿಂತ ಕೆನ್ನೆಗೆ ಅದು ಚೆನ್ನಾಗಿ ತಿಳಿಯುತ್ತದೆ.

“ಥೂ!” ಎಂದ ಸಾಹೇಬ. “ತೊಗಲನ್ನ ಮೂತಿಗೆ ಒತ್ಕೊಳ್ತಾಳಲ್ರೀ! ಎಲ್ಲಿಂದ ಹಿಡ್ಕೊಂಡು ಬರ್ತೀರಿ ಇಂಥವರನ್ನ?”

ಮೇಡಂ ಕಿಟಕಿಯ ಕಡೆ ನೋಡಿದಳು. ಒಂದು ಗಳಿಗೆಯಲ್ಲಿ ಪಕ್ಕದ ಮೇಷ್ಟ್ರೂ ಚರ್ಮವನ್ನು ಎತ್ತಿ, ಕಣ್ಣು ಮುಚ್ಚಿ, ಕೆನ್ನೆಗೆ ಇಟ್ಟುಕೊಂಡರು.

“ಏನ್ ಸಾರ್ ಇದು?”

“ಹನ್ನೊಂದನೇ ಪುಟ. ತೇವಾಂಶ ಪರೀಕ್ಷೆ,” ಎಂದರು ಮೇಷ್ಟ್ರು.

“ಓಹೋ, ವೈಜ್ಞಾನಿಕ ವಿಧಾನ,” ಎಂದು ಸಾಹೇಬ ತಲೆದೂಗಿದ.

ದಬ್ಬಣಕ್ಕ ಮೇಡಂನ ಮುಖ ನೋಡಿದಳು. ಈಗಲಾದರೂ ನಗುತ್ತಾಳೇನೋ, ಒಂದು ಸಲ ಕಣ್ಣು ಕೂಡಿಸುತ್ತಾಳೇನೋ ಎಂದು ಕಾದಳು. ಮೇಡಂ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದಳು.

ಸರಿ, ಕೆಲಸವೇ ಮಾತಾಡಲಿ ಎಂದು ಬಗ್ಗಿದಳು. ಅಂಚಿನುದ್ದಕ್ಕೂ ಉಗುರಿನಿಂದ ಗೆರೆ ಎಳೆದಳು. ತುರುಬಿನಿಂದ ದಬ್ಬಣ ಹಿರಿದಳು. ಬಲಗೈಯಲ್ಲಿ ದಬ್ಬಣವನ್ನೂ ಒಂದು ಸೂಜಿಯನ್ನೂ ಒಟ್ಟಿಗೆ ಹಿಡಿದು, ಚುಚ್ಚಿ, ಎಡಗೈಯ ಸೂಜಿ ತೂರಿಸಿ, ಅದರ ಬೆನ್ನಿಗೇ ಬಲಗೈಯದ್ದನ್ನು ಹಾಯಿಸಿ, ಎರಡೂ ಕೈ ಅಗಲಿಸಿ ಬಿಗಿದಳು. ಮತ್ತೆ ಚುಚ್ಚಿದಳು. ಅತ್ತೆಯ ದಾರ ಸರ್ರನೆ ಹರಿಯಿತು. ಉಳಿದವರು ಅಳತೆಪಟ್ಟಿ ಇಟ್ಟು ಚುಕ್ಕಿ ಹಾಕಿ ಕಬ್ಬಿಣಕ್ಕೆ ಕುಟ್ಟುತ್ತಿರುವಾಗಲೇ ಇವಳ ಚೀಲ ಮುಗಿದಿತ್ತು. ಐವತ್ತೆರಡು ಹೊಲಿಗೆ, ಸಾಲಿಗೆ ಕೂತ ಮಕ್ಕಳಂತೆ, ಒಂದೂ ತಲೆ ಹೊರಗೆ ಹಾಕಿರಲಿಲ್ಲ.

ಮೇಷ್ಟ್ರು ಬಗ್ಗಿ ನೋಡಿ, “ಅಬ್ಬಾ, ಏನು ಕೈಯಮ್ಮ ನಿಮ್ಮದು!” ಎಂದರು, ಮೆಲ್ಲಗೆ, ಅವಳೊಬ್ಬಳಿಗೇ ಕೇಳಿಸುವಷ್ಟು.

ಮೇಡಂ ಅಂಕದ ಪಟ್ಟಿ ಹಿಡಿದು ಬಂದಳು, ಬೆನ್ನಿಗೆ ಸಾಹೇಬ.

“ಅಳತೆಪಟ್ಟಿ ಬಳಸಿದ್ದೀರಾ?”

“ಇಲ್ಲ ತಾಯಿ, ನಿಮಗೇ ಗೊತ್ತಲ್ಲ...”

“ತೂತಿನ ಕಬ್ಬಿಣ?”

“ದಬ್ಬಣ ಇತ್ತಲ್ಲ.”

“ಸಂಸ್ಥೆಯ ದಾರ?”

“ಇದು ಅತ್ತೆ ದಾರ. ನೀವೇ ಮುಟ್ಟಿ ನೋಡಿ, ಇದರ ಮುಂದೆ ಬೇರೆ ದಾರ ಇಲ್ಲ ಅಂದಿದ್ರಲ್ಲ.”

ಸಾಹೇಬ ಹುಬ್ಬೇರಿಸಿದ. “ಏನ್ ಮೇಡಂ, ನಿಮ್ಮ ಹತ್ರ ಕಲಿತವಳಾ ಇವಳು? ಪರಿಚಯ ಇದೆಯಾ?”

ಮೇಡಂನ ಕತ್ತು ಕೆಂಪಾಯಿತು. ದಬ್ಬಣಕ್ಕ ಅವಳ ತುಟಿಯನ್ನೇ ನೋಡಿದಳು. ಒಂದು ಮಾತು, ಒಂದೇ ಮಾತು, ಹೇಳಿ ತಾಯಿ.

“ಇಲ್ಲ ಸರ್,” ಎಂದಳು ಮೇಡಂ. “ಎಲ್ಲೋ ಚಪ್ಪಲಿ ಹೊಲೀತಾರೆ ಅನ್ಸುತ್ತೆ.”

ಪೆನ್ನು ಪಟ್ಟಿಯ ಮೇಲೆ ಒಂದರ ಕೆಳಗೊಂದು ಅಡ್ಡಗೆರೆ ಹಾಕುತ್ತಾ ಇಳಿಯಿತು. ಎರಡು ಕಡೆ ಹೊಲಿಗೆ ತಪ್ಪಿ ಅಂಚು ಸೊಟ್ಟಗಾಗಿದ್ದರೂ ಮೇಷ್ಟ್ರು ಪಾಸಾದರು. ಅವರು ದಬ್ಬಣಕ್ಕನ ಕಡೆ ಒಮ್ಮೆ ನೋಡಿ ಪೆಟ್ಟಿಗೆಗೆ ಸಾಮಾನು ತುಂಬತೊಡಗಿದರು.

“ಮೇಡಂ,” ಎಂದಳು ದಬ್ಬಣಕ್ಕ. “ಮಳಿಗೆ ಹೋಗ್ತದೆ. ಮನೇಲಿ ಕಣ್ಣು ಕಾಣದ ಮುದುಕಿ ಇದಾಳೆ. ಅವಳು ಗೊತ್ತಲ್ಲ ನಿಮಗೆ?”

“ನಿಯಮ ಅಂದ್ರೆ ನಿಯಮ. ಕೋರ್ಸ್ ಸೇರ್ಕೊಳ್ಳಿ, ಪೆಟ್ಟಿಗೆ ತಗೊಳ್ಳಿ, ಮುಂದಿನ ವರ್ಷ ನೋಡೋಣ.”

“ಆಯ್ತಲ್ಲ, ಏಳು ಇನ್ನ,” ಎಂದ ಸಾಹೇಬ. ಮೇಜಿನ ಮೇಲಿದ್ದ ಚೀಲವನ್ನು ಎತ್ತಿ ತಿರುಗಿಸಿ ನೋಡಿದ. “ಆದ್ರೆ ಇದು ಮಾತ್ರ ಚೆನ್ನಾಗಿ ಬಂದಿದೆ ಮೇಡಂ. ನಿಮ್ಮ ಅಂಗಡಿ ಗಾಜಿನ ಕಪಾಟಲ್ಲಿ ಇಡಿ, ಮಾದರಿ ಅಂತ.”

“ಹೂಂ, ಇಡಬಹುದು,” ಎಂದು ಮೇಡಂ ಕೈ ಚಾಚಿದಳು.

ಫೇಲಾದಾಗ ದಬ್ಬಣಕ್ಕನಿಗೆ ಅಳು ಬಂದಿತ್ತು. ಈಗ ಆ ಅಳು ಎಲ್ಲಿ ಹೋಯಿತೋ, ಮೈಯೆಲ್ಲ ಉರಿದುಹೋಯಿತು. ನಂಬಿಸಿ ಕತ್ತು ಕೊಯ್ದವಳು ಕೊಯ್ದ ಮೇಲೆ ಕೊರಳಿನ ಸರಕ್ಕೂ ಕೈ ಹಾಕುತ್ತಿದ್ದಾಳೆ. ಅವಳು ಸಾಹೇಬನ ಕೈಯಿಂದ ಚೀಲ ಕಿತ್ತುಕೊಂಡಳು. ಪೆಟ್ಟಿಗೆಯ ಚಾಕು ತೆಗೆದು ಮೊದಲನೇ ಹೊಲಿಗೆಗೆ ಹಚ್ಚಿದಳು.

“ಏಯ್! ಏನ್ ಮಾಡ್ತಿದೀಯ?”

“ಚರ್ಮ ನಿಮ್ಮದು, ದಾರ ನಂದು. ನಿಮ್ಮದು ನಿಮಗೆ ಬಿಟ್ಟು, ನಂದು ನಾನು ತಗೊಂಡು ಹೋಗ್ತೀನಿ ಸ್ವಾಮಿ.”

ಗಂಡ ಹೆಂಡಿರ ಹೊಲಿಗೆ ಒಂದು ಎಳೆ ಎಳೆದರೆ ಬಿಚ್ಚಿಕೊಳ್ಳುವ ಜಾತಿಯದಲ್ಲ. ಒಂದು ದಾರ ಹರಿದರೆ ಇನ್ನೊಂದು ಹಿಡಿದಿರುತ್ತದೆ. ಒಂದೊಂದನ್ನೂ ಬೇರೆ ಬೇರೆಯಾಗಿಯೇ ಕೊಯ್ಯಬೇಕು. ಆ ಮೊಂಡು ಚಾಕುವಿನಲ್ಲಿ ಅವಳು ಕೊಯ್ಯುತ್ತಾ ಹೋದಳು. ಸಾಹೇಬ ಕಿರುಚಿದ, ಕಾವಲುಗಾರನನ್ನು ಕೂಗಿದ. ಕಾವಲುಗಾರ ಬಂದು ಅವಳ ಕೈಯಲ್ಲಿ ಚಾಕು ಕಂಡು ಬಾಗಿಲಲ್ಲೇ ನಿಂತ. ಮೇಷ್ಟ್ರ ಪೆಟ್ಟಿಗೆ ಅರ್ಧ ಮುಚ್ಚಿ ಹಾಗೇ ಉಳಿಯಿತು. ಐವತ್ತೆರಡೂ ಮುಗಿದ ಮೇಲೆ ಅವಳು ದಾರದ ತುಂಡುಗಳನ್ನೆಲ್ಲ ಆರಿಸಿ ಮುಷ್ಟಿಯಲ್ಲಿ ಹಿಡಿದು, ಚರ್ಮದ ಎರಡು ಹಾಳೆಗಳನ್ನು ಮೇಡಂನ ಮುಂದೆ ತಳ್ಳಿದಳು.

“ತೂತೆಲ್ಲಾ ಹಾಗೇ ಇದೆ. ಹೊಲಿ.”

ಮೇಡಂ ಬೆಚ್ಚಿ ತಲೆಯೆತ್ತಿದಳು. ಎರಡು ವರ್ಷದಲ್ಲಿ ಅವಳನ್ನು ದಬ್ಬಣಕ್ಕ ಏಕವಚನದಲ್ಲಿ ಮಾತಾಡಿಸಿದ್ದು ಇದೇ ಮೊದಲು.

“ಹೊಲಿದು ಬಿಸಾಕಿ ಮೇಡಂ!” ಎಂದ ಸಾಹೇಬ, ಉಗುಳು ಹಾರಿಸುತ್ತಾ. “ಈ ಹಡಬೆ ಸೊಕ್ಕು ಇಳೀಲಿ. ನೀವೇ ಕಂಡುಹಿಡಿದ ಹೊಲಿಗೆ ಅಲ್ವಾ, ತೋರಿಸಿ ಎಲ್ಲರಿಗೂ!”

ಎಲ್ಲರೂ ಮೇಡಂನ ಕಡೆ ತಿರುಗಿದರು. ಅವಳು ಎರಡು ಸೂಜಿಗೆ ದಾರ ಪೋಣಿಸಿದಳು. ಹಾಳೆಗಳನ್ನು ಜೋಡಿಸಿ ಹಿಡಿದಳು. ಕಬ್ಬಿಣದ ಹಲ್ಲು ಹೊಡೆದ ತೂತು ಬಾಯಿ ಬಿಟ್ಟುಕೊಂಡೇ ಇರುತ್ತದೆ. ದಬ್ಬಣದ ತೂತು ಹಾಗಲ್ಲ, ದಾರ ತೆಗೆದ ಕೂಡಲೇ ಮುಚ್ಚಿಕೊಳ್ಳುತ್ತದೆ. ಮೇಡಂ ಬೆರಳಿನಿಂದ ಅಂಚು ಸವರಿದಳು. ಸೂಜಿಯನ್ನು ಒಂದು ಕಡೆ ಒತ್ತಿದಳು, ಅದು ಬಾಗಿತು. ಇನ್ನೊಂದು ಕಡೆ ಒತ್ತಿದಳು. ಬೆರಳ ತುದಿಯಲ್ಲಿ ರಕ್ತದ ಬೊಟ್ಟು ಮೂಡಿತು.

ದಬ್ಬಣಕ್ಕ ಬಾಗಿಲ ಕಡೆ ಹೋಗಲಿಲ್ಲ. ಪರೀಕ್ಷಕರ ಮೆತ್ತೆ ಹಾಕಿದ ಕುರ್ಚಿಯನ್ನು ಎಳೆದುಕೊಂಡು, ಮೇಡಂನ ಎದುರಿಗೇ ಕಾಲ ಮೇಲೆ ಕಾಲು ಹಾಕಿ ಕೂತಳು.

“ಏಳೇ ಮೇಲೆ!” ಎಂದ ಸಾಹೇಬ.

ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ. ಮೇಡಂ ಚರ್ಮವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ತೂತು ಹುಡುಕುತ್ತಿದ್ದಳು.

“ಹುಡುಕು, ಹುಡುಕು,” ಎಂದಳು ದಬ್ಬಣಕ್ಕ. “ನಾನೇನೂ ಇಲ್ಲಿಂದ ಏಳಲ್ಲ.”