ಸೌಂಡ್ ಕಾರ್ಡಿನ ಚಕ್ರ

ಗುರ್ರ್ ಅನ್ನುವ ಈ ಸದ್ದು ಪಕ್ಕದ ಮನೆಯ ವಾಷಿಂಗ್ ಮಷೀನಿನದ್ದೋ ನನ್ನ ಹಳೇ ಕಂಪ್ಯೂಟರ್ ಡಬ್ಬದ ಫ್ಯಾನಿನದ್ದೋ, ಕೈಯಿಟ್ಟು ನೋಡಿದರೆ ನನ್ನದೇ, ಧೂಳು ತಿಂದು ಕೊಬ್ಬಿದ ಫ್ಯಾನು, ಒಂದು ಹನಿ ಎಣ್ಣೆ ಬಿಡಬೇಕು, ಈಗಲ್ಲ, ಈಗ ಕಾರ್ಡಿನದ್ದು ಮುಗಿಯಲಿ, ಅಣ್ಣ ಹೊರಟಾಗಿದೆ, ಅತ್ತಿಗೆ ಫೋನ್ ಮಾಡಿದ್ದಳು, ಸೇತುವೆ ಹತ್ರ ಬಂದಿದ್ದೀವಿ ಕಣೇ, ಗಾಡಿಗಳು ಕದಲ್ತಾನೇ ಇಲ್ಲ, ನಿಮ್ಮಣ್ಣ ಕಿಟಕಿ ಕಡೆ ಮುಖ ಮಾಡ್ಕೊಂಡು ಕೂತಿದಾರೆ, ನಾನು ಮಾತಾಡ್ತಿರೋದು ಅವರಿಗೆ ಕೇಳಿಸ್ತಿಲ್ಲ ಬಿಡು — ಬಿಡು ಅಂತೆ, ಎಷ್ಟು ಸಲೀಸಾಗಿ ಅಂದಳು, ಇಲ್ಲ, ಸಲೀಸಾಗಿ ಅನ್ನುವುದನ್ನು ಅವಳೂ ಕಲಿತಿರಬೇಕು ಪಾಪ. ಮೇಜಿನ ಮೇಲೆ ಎರಡು ಸೌಂಡ್ ಕಾರ್ಡು, ಬೋರ್ಡಿನಲ್ಲಿ ಒಂದೇ ಸ್ಲಾಟು. ಸ್ಲಾಟು ಇದ್ದದ್ದೂ ಎರಡೇ, ಆದರೆ ಯಾರದೋ ಅಟ್ಟದಲ್ಲಿ ಬಿದ್ದುಕೊಂಡಿದ್ದಾಗ ಬ್ಯಾಟರಿ ಸೋರಿ ಒಂದರ ಕಾಲೆಲ್ಲ ಹಸಿರು ಹಿಡಿದಿದೆ, ಉಜ್ಜಿ ನೋಡಿದೆ, ಬೆಸುಗೆ ಹಾಕಿ ನೋಡಿದೆ, ದಿನವಿಡೀ ಲಿಫ್ಟಿನ ಕಂಟ್ರೋಲ್ ಬೋರ್ಡು ರಿಪೇರಿ ಮಾಡುವವಳಿಗೆ ಇದೊಂದು ಜಗ್ಗಲಿಲ್ಲ, ಹಾಳಾಗಿ ಹೋಗಲಿ. ಎರಡು ಕಾರ್ಡಿನಲ್ಲಿ ಒಂದು. ವಾರದಿಂದ ಅಳೆದು ಸುರಿದು ತಲೆ ಚಿಟ್ಟು ಹಿಡಿದಿದೆ, ಲಿಫ್ಟಿನೊಳಗೆ ನಿಂತಾಗಲೂ ಅದೇ ಯೋಚನೆ, ಹಾಲು ಉಕ್ಕಿದರೂ ಅದೇ, ಹಳೆಯದೋ ಒಳ್ಳೆಯದೋ, ಮತ್ತೆ ಸುಮ್ಮನಿದ್ದಾಗಲೆಲ್ಲ ಕಣ್ಣ ಮುಂದೆ ಅಣ್ಣನ ಹೆಬ್ಬೆರಳು.

ಆಟ ಒಂದೇ, ಕಾರ್ಡು ಬದಲಾದರೆ ಸದ್ದೇ ಬೇರೆ, ಇದನ್ನು ಈಗಿನವರಿಗೆ ಹೇಳಿದರೆ ನಗುತ್ತಾರೆ. ಆಟದ ಫ್ಲಾಪಿಯಲ್ಲಿ ಹಾಡೆಲ್ಲಿತ್ತು, ಇಲ್ಲಿ ಗಂಟೆ ಹೊಡಿ, ಇಲ್ಲಿ ಡೋಲು ಬಡಿ ಅನ್ನುವ ಅಪ್ಪಣೆ ಮಾತ್ರ, ಗಂಟೆ ಹೇಗಿರಬೇಕು ಅನ್ನುವುದು ಕಾರ್ಡಿನ ಮರ್ಜಿ. ಈ ಹಳೆಯದರಲ್ಲಿ ಗಂಟೆ ಅಂದರೆ ತಗಡಿನ ಡಬ್ಬಿಗೆ ಚಮಚದಲ್ಲಿ ತಟ್ಟಿದ ಹಾಗೆ, ಸಣ್ಣಗೆ, ಚೂಪಾಗಿ, ಟಿಂಗ್. ಅದೇ ನಮ್ಮ ಗಂಟೆ, ಚಿಕ್ಕಂದಿನಲ್ಲಿ ಮನೆಯಲ್ಲಿದ್ದದ್ದೂ ಇಂಥದೇ ಕಾರ್ಡು. ಗುಹೆಯ ಆಟ, ಲಾಟೀನು ಹಿಡಿದ ಕುಳ್ಳ, ಮೂರನೇ ಗುಹೆಯಲ್ಲಿ ಗೋಡೆ ಪಕ್ಕ ನಡೆಯುತ್ತಿದ್ದ ಹಾಗೆ ಎಲ್ಲೋ ಒಂದು ಕಡೆ ಟಿಂಗ್ ಟಿಂಗ್, ಅಲ್ಲೇ ಗುಪ್ತ ಬಾಗಿಲು, ನಿಲ್ಲು ನಿಲ್ಲು, ಬಂತು, ಈಗ ಹಾರಿಸು, ಅನ್ನುತ್ತಿದ್ದ ಅಣ್ಣ, ಕೀಬೋರ್ಡಿನಲ್ಲಿ ಹಾರಿಸುವ ಕೀಲಿ ನನ್ನ ಪಾಲಿಗೆ, ನಡೆಸುವುದು ಅವನದು. ಒಳ್ಳೆಯ ಕಾರ್ಡಿನಲ್ಲಿ ನಿಜವಾದ ಗಂಟೆಯನ್ನೇ ರೆಕಾರ್ಡು ಮಾಡಿ ಚಿಪ್ಪಿಗೆ ತುಂಬಿದ್ದಾರೆ, ದಪ್ಪ ದನಿ, ಹೊಡೆದ ಮೇಲೂ ಹೊಟ್ಟೆಯೊಳಗೆ ಗುಂಯ್ ಅಂತ ಉಳಿಯುತ್ತದೆ, ಚೆನ್ನಾಗಿದೆ, ಚೆನ್ನಾಗಿಲ್ಲ ಅಂದವರ್‍ಯಾರು, ಆದರೆ ಅದು ಯಾರ ಮನೆಯ ಗಂಟೆಯೋ ಏನೋ. ಗುಜರಿ ಅಂಗಡಿಯವನು ಎರಡನ್ನೂ ಒಂದೇ ಚೀಲಕ್ಕೆ ಹಾಕುತ್ತಾ, ಅಕ್ಕಾ ಇದನ್ನ ಹಾಕ್ಕೊಳಿ, ಅದು ಡಬ್ಬಾ, ಅಂದ. ನಂಗೆ ಡಬ್ಬಾನೇ ಬೇಕಾಗಿರೋದು ಮಾರಾಯ, ಅಂದೆ ಆಗ, ಎಷ್ಟು ಧೈರ್ಯ ಆಗ. ಆಮೇಲೆ ಅಣ್ಣನ ಕಿವಿ ನೋಡಿದ ಡಾಕ್ಟರು, ಮೇಲಿನ ದನಿಗಳು ಮೊದಲು ಹೋಗ್ತವೆ ನೋಡಿ, ಹಕ್ಕಿ, ಕಾಲಿಂಗ್ ಬೆಲ್ಲು, ಮಕ್ಕಳ ಮಾತು, ಕೆಳಗಿನವು ನಿಧಾನಕ್ಕೆ, ಕಿವಿಗೆ ಮಷೀನು ಹಾಕಿದ್ರೆ ಮಾತು ತಿಳಿಯುತ್ತೆ, ಹಾಡು ಹಾಡಾಗಿ ಉಳಿಯಲ್ಲ. ಹೊರಗಿನ ಬೆಂಚಿನ ಮೇಲೆ ಕೂತು ಅಣ್ಣ, ಜೀವಮಾನದಲ್ಲಿ ನನ್ನ ಹತ್ತಿರ ಏನೂ ಕೇಳದವನು, ಪೂರ್ತಿ ಹೋಗೋದ್ರೊಳಗೆ ಆ ಗುಹೆ ಗಂಟೆ ಒಂದ್ಸಲ ಕೇಳ್ಬೇಕು ಕಣೆ, ಅಂದ. ಅಷ್ಟೇ ಅಂದ. ನಾನು ಹೂಂ ಅಂದೆ, ಲಿಫ್ಟಿನ ಬಾಗಿಲು ಸರಿ ಮಾಡಿಕೊಡುತ್ತೇನೆ ಅನ್ನುವಷ್ಟು ಸುಲಭವಾಗಿ. ಈಗ ನೋಡಿದರೆ, ಚೂಪು ಗಂಟೆ ನಮ್ಮದು, ಅವನಿಗೆ ಕೇಳಿಸದೇ ಹೋಗಬಹುದು, ದಪ್ಪ ಗಂಟೆ ಕೇಳಿಸಬಹುದು, ನಮ್ಮದಲ್ಲ. ಸುಳ್ಳು ಗಂಟೆ ಕೇಳಿಸಿ, ಕೇಳಿಸಿತಲ್ಲ ಅಣ್ಣ ಅನ್ನಲೇ. ಅವನಿಗೆ ಗೊತ್ತಾಗದೇ ಇರುತ್ತದೆಯೇ, ಕಿವಿ ಹೋಗುತ್ತಿರಬಹುದು, ನೆನಪು ಗಟ್ಟಿಯಾಗಿದೆ.

ಒಳ್ಳೆಯದನ್ನೇ ಸ್ಲಾಟಿಗೆ ಒತ್ತಿದ್ದೆ ಬೆಳಿಗ್ಗೆ, ಸ್ಕ್ರೂ ಕೂಡ ಬಿಗಿಸಿದ್ದೆ. ಆಮೇಲೆ ಡಬ್ಬದ ಹಿಂದಕ್ಕೆ ಕೈ ಹೋಯಿತು, ಸುಮ್ಮನೆ, ಅಭ್ಯಾಸಬಲ, ಬೆರಳಿಗೆ ನುಣ್ಣನೆಯ ತಗಡು ಸಿಕ್ಕಿತು, ಚಕ್ರ ಇಲ್ಲ. ಹಳೆಯ ಕಾರ್ಡಿಗೆ ಹಿಂಭಾಗದಲ್ಲಿ ಚಕ್ರ ಇದೆ, ಸದ್ದು ಏರಿಸಿ ಇಳಿಸುವ ಪುಟ್ಟ ಹಲ್ಲಿನ ಚಕ್ರ, ಅರ್ಧ ಮಾತ್ರ ಆಚೆಗೆ ಇಣುಕುವಂಥದ್ದು. ಅಮ್ಮ ನರ್ಸು, ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ, ಇದ್ದದ್ದು ಒಂದೇ ಕೋಣೆ, ನಡುವೆ ಒಂದು ಪರದೆ, ಪರದೆಯ ಈಚೆ ನಾವು, ಅಣ್ಣನ ಬಲಗೈ ಕೀಲಿಯ ಮೇಲೆ, ಎಡಗೈ ಡಬ್ಬವನ್ನು ಬಳಸಿ ಹಿಂದಕ್ಕೆ, ಹೆಬ್ಬೆರಳು ಚಕ್ರದ ಮೇಲೆ. ಅಮ್ಮ ಮಗ್ಗುಲು ಬದಲಿಸುವ ಮೊದಲೇ ಅವನಿಗೆ ಗೊತ್ತಾಗುತ್ತಿತ್ತು, ಉಸಿರು ಬದಲಾಯ್ತು ಕಣೆ, ಅನ್ನುತ್ತಿದ್ದ, ಹೆಬ್ಬೆರಳು ಸರಕ್ಕನೆ ಕೆಳಕ್ಕೆ, ಕುಳ್ಳ ಸದ್ದಿಲ್ಲದೆ ನಡೆಯುತ್ತಿದ್ದ, ಉಸಿರು ನೆಟ್ಟಗಾದ ಮೇಲೆ ಮತ್ತೆ ಒಂದೊಂದೇ ಹಲ್ಲು ಮೇಲಕ್ಕೆ. ಅಷ್ಟು ಚುರುಕು ಕಿವಿ. ಅಮ್ಮ ಒಂದು ದಿನವೂ ಎಚ್ಚರವಾಗಲಿಲ್ಲ, ಅಥವಾ ಎಚ್ಚರವಿದ್ದೂ ಸುಮ್ಮನೆ ಮಲಗಿದ್ದಳೇನೋ, ಈಗ ಕೇಳುವುದಕ್ಕೆ ಅವಳಿಲ್ಲ. ಅದಕ್ಕೇ ಆಗಲೇ ಒಳ್ಳೆಯದನ್ನು ಕಿತ್ತೆ, ಈಗ ಹಳೆಯದನ್ನು ಹಾಕಿದೆ, ಇದೇ ಕೊನೆ, ಇನ್ನು ತೆಗೆಯುವುದಿಲ್ಲ ಅಂದುಕೊಂಡೆ, ಚಕ್ರ ಮುಟ್ಟಿದರೆ ಸ್ಪೀಕರಿನಲ್ಲಿ ಕರಕರ, ಗಂಟೆಯನ್ನೇ ನುಂಗಿ ಹಾಕುವಂಥ ಕರಕರ, ಸ್ಪ್ರೇ ಹೊಡೆದರೂ ಹೋಗಲಿಲ್ಲ, ಪೂರ್ತಿ ಮೇಲಕ್ಕೆ ತಿರುಗಿಸಿಟ್ಟರೆ ಮಾತ್ರ ಸುಮ್ಮನಾಗುತ್ತದೆ, ಅಲುಗಿದರೆ ಮತ್ತೆ ಶುರು. ಸರಿ, ತುತ್ತತುದಿಗೆ ತಿರುಗಿಸಿ ಒಂದು ಹನಿ ಅಂಟು ಬಿಟ್ಟುಬಿಟ್ಟೆ. ಇನ್ನು ಇಳಿಸುವ ಪ್ರಸಂಗ ಎಲ್ಲಿ ಬರುತ್ತದೆ, ಮಲಗಿರುವವರು ಯಾರು, ಬೇಕಾದರೆ ಆಟದೊಳಗೇ ಕಡಿಮೆ ಮಾಡಿದರಾಯಿತು. ಅಂಟು ಒಣಗಿತು. ಚಕ್ರ ಕಲ್ಲಾಯಿತು. ಬಹಳ ಜಾಣೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಕೆಳಗೆ ಕಾರಿನ ಬಾಗಿಲು ಬಡಿದ ಸದ್ದು, ಬಂದರು.

ಬಾ ಅಣ್ಣ, ಅಂದೆ, ಬಲಗಡೆಯಿಂದ ಹೇಳು, ಬಲಗಡೆಯಿಂದ, ಅಂತ ಅತ್ತಿಗೆ ನನಗೆ ಸನ್ನೆ, ಆ ಕಿವಿ ಇನ್ನೂ ಪರವಾಗಿಲ್ಲವಂತೆ, ಅವನು ಚಪ್ಪಲಿ ಬಿಟ್ಟವನೇ ಸೀದಾ ಡಬ್ಬದ ಹತ್ತಿರ, ಪಕ್ಕದ ತಗಡು ಇನ್ನೂ ಮುಚ್ಚಿರಲಿಲ್ಲ, ಬಗ್ಗಿ ನೋಡಿದ, ಥೇಟ್ ಅದೇ ಕಾರ್ಡು ಅಲ್ವೇನೆ, ಅಂದ, ಮುಖ ಅರಳಿತು, ಇಷ್ಟಕ್ಕೇ ಇವತ್ತಿನ ದಿನ ಮುಗಿದುಹೋಗಬಾರದೇ ಅನ್ನಿಸಿತು. ಕೂತ. ಕುಳ್ಳ ಲಾಟೀನು ಎತ್ತಿಕೊಂಡ. ಡೋಲು ಬಂತು, ಅಣ್ಣ ತಲೆಯಾಡಿಸಿದ, ಕೇಳ್ತಿದೆ ಕಣೆ, ಅಂದ, ಅತ್ತಿಗೆ ನನ್ನ ತೋಳು ಹಿಂಡಿದಳು, ಮೊದಲ ಗುಹೆ, ಎರಡನೆಯದು, ಹಾರಿಸು ಅಂದಾಗಲೆಲ್ಲ ನಾನು ಹಾರಿಸಿದೆ, ಬೆರಳು ಮರೆತಿಲ್ಲ, ಅವನೂ ಮರೆತಿಲ್ಲ, ಮೂರನೆಯದು, ಗೋಡೆ ಪಕ್ಕಕ್ಕೆ ಬಂದ, ಮೆಲ್ಲಗೆ, ಮೆಲ್ಲಗೆ, ಟಿಂಗ್ — ಬಂತು, ಅದೇ ತಗಡು, ಅದೇ ಚಮಚ, ಟಿಂಗ್ ಟಿಂಗ್, ನನ್ನ ಕಿವಿಯೊಳಗೆ ಸೂಜಿ ಚುಚ್ಚಿದಷ್ಟು ಜೋರು, ಅತ್ತಿಗೆ ಕಿವಿ ಮುಚ್ಚಿಕೊಂಡಳು, ನಾನು ಅವನ ಮುಖ ನೋಡಿದೆ, ಅವನು ಸ್ಕ್ರೀನು ನೋಡುತ್ತಲೇ, ಕುಳ್ಳನನ್ನು ಹಿಂದಕ್ಕೂ ಮುಂದಕ್ಕೂ ನಡೆಸುತ್ತಾ, ಇಲ್ಲೇ ಎಲ್ಲೋ ಗಂಟೆ ಬರ್ಬೇಕಿತ್ತು, ಇನ್ನೂ ಬಂದಿಲ್ಲ ಅಲ್ವಾ, ಅಂದ. ಟಿಂಗ್ ಟಿಂಗ್. ಮೇಜಿನ ಆ ಕಡೆ ಒಳ್ಳೆಯ ಕಾರ್ಡು ಬಿದ್ದಿದೆ, ದಪ್ಪ ಗಂಟೆ ತುಂಬಿಕೊಂಡು, ಸ್ಕ್ರೂಡ್ರೈವರೂ ಅಲ್ಲೇ ಇದೆ, ಎದ್ದು ಬದಲಿಸಲೇ, ಏನು ಹೇಳಿ ಬದಲಿಸಲಿ, ಅಷ್ಟರಲ್ಲಿ ಅವನ ಎಡಗೈ, ನೋಡದೆಯೇ, ಡಬ್ಬವನ್ನು ಬಳಸಿ ಹಿಂದಕ್ಕೆ ಹೋಯಿತು, ಹೆಬ್ಬೆರಳಿಗೆ ಚಕ್ರ ಸಿಕ್ಕಿತು, ಮುಖದಲ್ಲಿ ಸಣ್ಣ ನಗು, ಏನೇ ಇದು, ಚಕ್ರ ಹಿಡ್ಕೊಂಡಿದೆ, ಪೂರ್ತಿ ಏರ್ಸೇ ಇಲ್ಲ ನೀನು, ಅದಕ್ಕೇ ಗಂಟೆ ಬರ್ತಿಲ್ಲ — ಹೂಂ ಅಣ್ಣ, ಅಂದೆ, ಬಲಗಡೆಯಿಂದ, ಜೋರಾಗಿ, ಹಿಡ್ಕೊಂಡಿದೆ, ಏರ್ಸಿಲ್ಲ. ಇರು, ಬಿಡ್ಸ್ತೀನಿ, ಅಂದ. ಟಿಂಗ್ ಟಿಂಗ್. ಹೆಬ್ಬೆರಳು ಮೇಲಕ್ಕೆ ಒತ್ತುತ್ತಿದೆ, ಉಗುರಿನ ಬುಡ ಬೆಳ್ಳಗಾಗಿದೆ, ಚಕ್ರ ತುದಿಯಲ್ಲಿದೆ, ಅದರಾಚೆ ಒಂದು ಹಲ್ಲೂ ಇಲ್ಲ, ಹೆಬ್ಬೆರಳು ಇನ್ನೂ ಒತ್ತುತ್ತಿದೆ, ಮೇಲಕ್ಕೆ, ಆ ಹೆಬ್ಬೆರಳು, ಮೇಲಕ್ಕೆ